ಅವ್ವನಿಗೆ ಕೊಡದ ಕೂದಲು

ಮೂವತ್ತೈದು ವರ್ಷ ನಾನು ಟಿವಿಯಲ್ಲಿ, ಸಿನಿಮಾದಲ್ಲಿ ಬೇರೆಯವರ ಅಪ್ಪನಾಗಿ ಬದುಕಿದೆ. ಹುಡುಗಿಯ ಅಪ್ಪ, ಇನ್‌ಸ್ಪೆಕ್ಟರನ ಅಪ್ಪ, ಮದುವೆ ಮನೆಯಲ್ಲಿ ಎದೆ ಹಿಡಿದುಕೊಂಡು ಕುಸಿಯುವ ಅಪ್ಪ. ನಡುವೆ ಕೆಲವು ಸಲ ಜಡ್ಜ್, ಕೆಲವು ಸಲ ಆಪರೇಷನ್ ಮುಗಿಸಿ ಬಂದು ತಲೆ ಅಲ್ಲಾಡಿಸುವ ಡಾಕ್ಟರ್. ಲೋಕಲ್ ರೈಲಿನಲ್ಲಿ ಎದುರು ಕೂತವರು ನನ್ನನ್ನು ದಿಟ್ಟಿಸಿ, "ಆಪ್ ಬ್ಯಾಂಕ್ ಮೇ ಥೇ ನಾ?" ಎಂದು, ಯಾವುದೋ ಬ್ಯಾಂಕಿನಲ್ಲಿ ಕಂಡವನೆಂಬಂತೆ ಕೇಳುತ್ತಿದ್ದರು. ಮುಖ ಗೊತ್ತು, ಯಾರೆಂದು ಗೊತ್ತಿಲ್ಲ. ಅದರ ಬಗ್ಗೆ ನನಗೇನೂ ದೂರಿಲ್ಲ. ನನ್ನ ದೂರು ನನ್ನ ಮೇಲೆಯೇ.

ಅಪ್ಪ ವಿಜಾಪುರದ ಕಡೆಯಿಂದ ಬಂದು ವಿಕ್ರೋಳಿಯ ಒಂದು ಫ್ಯಾಕ್ಟರಿ ಸೇರಿದವನು. ನಾನೂ ತಮ್ಮನೂ ಭಾಂಡುಪ್‌ನ ಚಾಳಿನ ಒಂದೇ ಖೋಲಿಯಲ್ಲಿ ಬೆಳೆದೆವು. ಮೆಟ್ರಿಕ್ ಆದ ಮೇಲೆ ನಾನು ನಾಟಕದ ಹಿಂದೆ ಬಿದ್ದೆ, ತಮ್ಮ ಅಪ್ಪನ ಫ್ಯಾಕ್ಟರಿಗೇ ಸೇರಿದ. ಅಪ್ಪ ತೀರಿಕೊಂಡ ಮೇಲೆ ಅವ್ವ ಅವನ ಹತ್ತಿರವೇ ಉಳಿದಳು. ನಾನು ಆಂಟಾಪ್ ಹಿಲ್‌ನಲ್ಲಿ ಬೇರೆ ಮನೆ ಮಾಡಿಕೊಂಡು ತಿಂಗಳಿಗೊಮ್ಮೆ ಹಣ್ಣು ಹಿಡಿದುಕೊಂಡು ಹೋಗಿ ಬರುವ ಮಗನಾದೆ.

ಅವ್ವ ಹೋದಾಗ ನನಗೆ ಐವತ್ತು ದಾಟಿತ್ತು. ಆಗಷ್ಟೇ ಒಂದು ದೈನಿಕ ಧಾರಾವಾಹಿಯಲ್ಲಿ ದೊಡ್ಡ ಮನೆತನದ ಯಜಮಾನನ ಪಾತ್ರ ಸಿಕ್ಕಿತ್ತು. ಅಲ್ಲಿಯವರೆಗೆ ನನ್ನ ಯಾವ ಪಾತ್ರವೂ ಒಂದು ತಿಂಗಳು ಬಾಳಿರಲಿಲ್ಲ. ಈ ಯಜಮಾನನಿಗೆ ಹಿಂದಕ್ಕೆ ಬಾಚಿದ ದಟ್ಟ ಕೂದಲು, ತಿದ್ದಿದ ಮೀಸೆ. ಎರಡೂ ನನ್ನ ಸ್ವಂತದ್ದೇ. ನಮ್ಮ ಕೆಲಸದಲ್ಲಿ ಕಂಟಿನ್ಯೂಟಿ ಎಂಬುದೊಂದಿದೆ. ಒಂದೇ ದೃಶ್ಯದ ಅರ್ಧ ಇವತ್ತು, ಇನ್ನರ್ಧ ಬರುವ ವಾರ ಶೂಟ್ ಆಗುತ್ತದೆ. ಮುಖದ ಮೇಲೆ ಒಂದು ಕೂದಲೂ ಬದಲಾಗಬಾರದು. ರಜೆ ಕೇಳಿದವರ ಗತಿಯನ್ನೂ ನೋಡಿದ್ದೆ. ಲೇಖಕರು ಅವರನ್ನು ಮೊದಲು ಕಾಶಿಗೆ ಕಳಿಸುತ್ತಿದ್ದರು, ಆಮೇಲೆ ದಾರಿಯಲ್ಲಿ ಬಸ್ ಕಂದಕಕ್ಕೆ ಬೀಳುತ್ತಿತ್ತು. ನನ್ನ ಕಣ್ಣೆದುರೇ ಇಬ್ಬರು ಸೆಟ್ಟಿನ ಗೋಡೆಯ ಮೇಲೆ ಹಾರ ಹಾಕಿದ ಫೋಟೋ ಆಗಿಹೋದರು.

ಅವ್ವನ ಮಣ್ಣಿಗೆ ಹೋಗಿ ಮಧ್ಯಾಹ್ನಕ್ಕೆ ಗೋರೆಗಾಂವ್‌ನ ಸೆಟ್ಟಿಗೆ ಮರಳಿದೆ. ಹತ್ತನೇ ದಿನ ಗಂಡುಮಕ್ಕಳೆಲ್ಲ ತಲೆ, ಮೀಸೆ ಬೋಳಿಸುವುದು ನಮ್ಮಲ್ಲಿ ಪದ್ಧತಿ. ಅದಕ್ಕೆ ಮೂರು ದಿನ ಮೊದಲೇ ತಮ್ಮನಿಗೆ ಫೋನ್ ಮಾಡಿ ಹೇಳಿದೆ: "ಪ್ರೊಡಕ್ಷನ್‌ನವರು ಒಪ್ಪವಲ್ಲರು. ಭಾಳ ಕೇಳ್ಕೊಂಡೆ. ತಲಿ ಬೋಳ್ಸಿದ್ರ ಪಾತ್ರಾನ ತೆಗೀತೀವಿ ಅಂತಾರ."

ಅವನು "ಆತಣ್ಣಾ," ಅಂದ.

ನಾನು ಯಾರನ್ನೂ ಕೇಳಿರಲಿಲ್ಲ. ಕೇಳಲು ಬಾಯಿಯೇ ತೆರೆದಿರಲಿಲ್ಲ.

ಹತ್ತನೇ ದಿನ ಬೆಳಿಗ್ಗೆ ಕರ್ಮ ಮಾಡಿಸುವ ಘಾಟಿನಲ್ಲಿ ಹಜಾಮ ತಮ್ಮನ ತಲೆ ಮುಗಿಸಿ, ಕತ್ತಿ ಒರೆಸಿಕೊಂಡು ನನ್ನ ಕಡೆ ತಿರುಗಿದ. ನಾನು ಬೇಡವೆಂದೆ. ಭಟ್ಟರು ಮುಖ ಸಿಂಡರಿಸಿ, ಶಾಸ್ತ್ರಕ್ಕೆ ನಾಲ್ಕು ಕೂದಲಾದರೂ ಕೊಡಿ ಅಂದರು. ಆಗ ನಾನು ಹಜಾಮನಿಗೆ ಹೇಳಿದ ಮಾತು ಇದು: "ಪೀಛೇ ಸೇ ಲೋ. ಕ್ಯಾಮೆರಾ ಮೇ ನಹೀ ದಿಖನಾ ಚಾಹಿಯೇ." ಹಿಂದಿನಿಂದ ತೆಗೆ, ಕ್ಯಾಮೆರಾದಲ್ಲಿ ಕಾಣಬಾರದು ಅಂತ. ಅವನು ಕತ್ತರಿಯಿಂದ ಕುತ್ತಿಗೆಯ ಹತ್ತಿರ ಚೂರು ಕತ್ತರಿಸಿದ. ತಮ್ಮ ಒದ್ದೆ ಬೋಳುತಲೆಯಲ್ಲಿ ಪಕ್ಕದಲ್ಲೇ ಕೂತಿದ್ದ. ನನ್ನ ಮುಖವನ್ನೇ ನೋಡುತ್ತಿದ್ದ, ಏನನ್ನೋ ಕಾಯುವವನಂತೆ.

ಇಷ್ಟೇ ಆಗಿದ್ದರೆ ಹೊಟ್ಟೆಪಾಡು ಎಂದು ಹೇಳಿ ತಪ್ಪಿಸಿಕೊಳ್ಳುತ್ತಿದ್ದೆನೇನೋ. ಎಂಟು ತಿಂಗಳ ನಂತರ ಧಾರಾವಾಹಿಯ ಕಥೆಯಲ್ಲಿ ಯಜಮಾನನ ತಾಯಿ ಸತ್ತಳು. ನಿರ್ದೇಶಕ ರಬ್ಬರಿನ ಬೋಳುಟೋಪಿ ತರಿಸಿದ್ದ. ಅದು ಕಿವಿಯ ಹತ್ತಿರ ಸುಕ್ಕುಗಟ್ಟುತ್ತಿತ್ತು. "ರಹನೇ ದೋ, ಅಸಲೀ ಕರ್ ಲೇತೇ ಹೈಂ," ಟೋಪಿ ಬೇಡ, ನಿಜವಾಗಿಯೇ ಬೋಳಿಸೋಣ ಅಂದವನು ನಾನೇ. ಯಾರೂ ಬಲವಂತ ಮಾಡಲಿಲ್ಲ. ಕ್ಯಾಮೆರಾ ಓಡುತ್ತಿರುವಾಗಲೇ ನನ್ನ ತಲೆ ಬೋಳಿಸಿದರು. ಅಳು ಬೇಕಿತ್ತು, ನಾನು ಅವ್ವನ ಬಿರುಕುಬಿಟ್ಟ ಹಿಮ್ಮಡಿಗಳನ್ನು ನೆನಪು ಮಾಡಿಕೊಂಡೆ. ಒಂದೇ ಟೇಕ್. ಯೂನಿಟ್ಟಿನವರೆಲ್ಲ ಚಪ್ಪಾಳೆ ತಟ್ಟಿದರು. ಹೆಣವಾಗಿ ಮಲಗಿದ್ದ ನಟಿ ಎದ್ದು ಕೂತು, "ಕ್ಯಾ ರೋತೇ ಹೋ ಆಪ್!" ಎಂದು ನನ್ನ ಅಳುವನ್ನು ಮೆಚ್ಚಿ, ಚಹಾ ತರಿಸಿದಳು. ನನಗೆ ಹೆಮ್ಮೆಯಾಗಿತ್ತು.

ಆ ಕಂತು ಬಂದ ಮರುದಿನ ತಮ್ಮನ ಹೆಂಡತಿಯ ಫೋನ್ ಬಂತು.

"ಭಾವಾರ, ನಿನ್ನೆ ನೋಡಿದ್ವಿ. ಬೋಳು ತಲಿ ನಿಮಗ ಭಾಳ ಒಪ್ಪತೈತ್ರಿ. ನಮ್ಮತ್ತಿ ಇರಬೇಕಾಗಿತ್ತು ನೋಡಾಕ."

"ಅವ ಎಲ್ಲಿದ್ದಾನ? ಫೋನ್ ಕೊಡು."

"ಅವರು ಟಿವಿ ಬಂದ್ ಮಾಡಿ ಎದ್ದು ಹ್ವಾದವರು, ಇನ್ನೂ ಮಾತಾಡಿಲ್ಲ."

ಅಲ್ಲಿಂದ ಮುಂದೆ ಮದುವೆ, ಮುಂಜಿವೆಗಳಲ್ಲಿ ಎದುರಾದರೆ ತಮ್ಮ ತಲೆ ಆಡಿಸುತ್ತಿದ್ದ, ಅಷ್ಟೇ. ಅವ್ವನ ತಿಥಿಗೆ ಕರೆ ಬರಲಿಲ್ಲ. ನಾನೂ ಶೂಟಿಂಗ್ ಇದೆ ಎಂದುಕೊಂಡು ಸುಮ್ಮನಾಗುತ್ತಿದ್ದೆ.

ಈಗ ನಾಲ್ಕು ವರ್ಷದಿಂದ ನನ್ನನ್ನು ಯಾರೂ ಕರೆಯುವುದಿಲ್ಲ. ಮಾತು ನೆನಪಿಟ್ಟುಕೊಳ್ಳಲು ಆಗುವುದಿಲ್ಲ, ಮಂಡಿ ಮಡಚುವುದಿಲ್ಲ. ಸಾಯುವ ಮೊದಲು ಒಂದು ಸಲವಾದರೂ ಹಿರಿಮಗನಾಗಿ ಅವ್ವನಿಗೆ ನನ್ನ ಕೈಯಿಂದ ಪಿಂಡ ಇಡಬೇಕು ಎನ್ನಿಸಿತು. ಅದಕ್ಕೆ ಮೊದಲು ತಮ್ಮನಿಗೆ ನಿಜ ಹೇಳಬೇಕಿತ್ತು. ಹೋದ ವರ್ಷ ತಿಥಿಗೆ ಹತ್ತು ದಿನವಿದ್ದಾಗ ಸಾಯನ್‌ನಲ್ಲಿ ಲೋಕಲ್ ಹತ್ತಿ ಭಾಂಡುಪ್‌ಗೆ ಹೋದೆ. ಚಾಳು ಹೋಗಿ ಬಿಲ್ಡಿಂಗ್ ಎದ್ದಿದೆ. ತಮ್ಮನದು ಐದನೇ ಮಹಡಿ. ಅವನೂ ರಿಟೈರ್ ಆಗಿ ಮುದುಕನಾಗಿದ್ದ.

"ನಾ ಸುಳ್ಳು ಹೇಳಿದ್ದೆ," ಅಂದೆ. "ಅವರು ಬ್ಯಾಡ ಅಂದಿರಲಿಲ್ಲ. ನಾನ ಕೇಳಿರಲಿಲ್ಲ."

"ಗೊತ್ತೈತಿ," ಅಂದ ತಮ್ಮ.

"ಯಾರು ಹೇಳಿದರು?"

"ನಿಮ್ಮ ಸೀರಿಯಲ್ ಮ್ಯಾನೇಜರ್. ಅವ್ವಗ ಅರ್ಜೆಂಟ್ ಆದ್ರ ಇರಲಿ ಅಂತ ನೀ ಆಫೀಸ್ ನಂಬರ್ ಕೊಟ್ಟಿದ್ದಿ. ನೀ ಫೋನ್ ಮಾಡಿದ ದಿನಾನ ನಾ ಅವಗ ಮಾಡಿದೆ. ನಮ್ಮಣ್ಣಂದು ಪಾತ್ರ ತೆಗೀಬ್ಯಾಡ್ರಿ, ತಾಯಿ ಕಾರ್ಯ ಐತಿ ಅಂತ ಕೈ ಮುಗದು ಕೇಳಾಕ. ಅಂವ ನಕ್ಕ. ನಿಮ್ಮಣ್ಣ ಏನೂ ಕೇಳೇ ಇಲ್ಲಲ್ಲೋ, ಕೇಳಿದ್ರ ಹದಿನೈದು ದಿನ ಪೇಟಾ ಸುತ್ತಿ ಕುಂದ್ರಸ್ತಿದ್ವಿ, ಆಮ್ಯಾಲೆ ವಿಗ್ ಹಾಕ್ತಿದ್ವಿ ಅಂದ."

ಅಂದರೆ ಘಾಟಿನಲ್ಲಿ ಪಕ್ಕದಲ್ಲಿ ಕೂತಾಗಲೇ ಅವನಿಗೆ ಎಲ್ಲ ಗೊತ್ತಿತ್ತು.

"ಅವತ್ತೇ ಯಾಕ ಹೇಳಲಿಲ್ಲ?"

"ನೀ ಹೇಳ್ತಿ ಅಂತ ಕಾದ್ನಿ," ಅಂದ. "ಹದಿನೆಂಟು ವರ್ಷ ಕಾದ್ನಿ. ಈಗ ಕೆಲಸ ನಿಂತ ಮ್ಯಾಲೆ ಬಂದಿ."

ನಾನು ತಿಥಿಯ ಮಾತು ಎತ್ತಿದೆ. ಮಣೆಯ ಮೇಲೆ ಅವನ ಜೊತೆ ಕೂಡಬಹುದೇ ಎಂದು ಕೇಳಿದೆ. ತಮ್ಮನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳು ಗಂಡನ ಮುಖ ನೋಡಿದಳು.

"ಊಟಕ್ಕ ಬಾ," ಅಂದ ತಮ್ಮ. "ಕೂಡೂದು ಬ್ಯಾಡ."

ತಿಥಿಯ ದಿನ ಹೋದೆ. ಭಟ್ಟರು ಹೊಸಬರು, ತೀರಿಹೋದವರಿಗೆ ಗಂಡುಮಕ್ಕಳು ಎಷ್ಟು ಮಂದಿ ಎಂದು ಕೇಳುತ್ತಿದ್ದರು. ನಾನು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ. ತಮ್ಮ ನನ್ನನ್ನು ನೋಡಿದ. ನೋಡಿಯೇ, "ಒಬ್ಬಾಂವ್ರೀ, ನಾನ," ಅಂದ. ನಾನು ಊಟಕ್ಕೆ ಬಂದ ನೆರೆಮನೆಯವರ ಸಾಲಿನಲ್ಲಿ ಕೂತೆ. ಎಲೆ ಹಾಕಿದರು, ಉಂಡೆ.