ಹಡಗಿನ ಮಾಮನ ಹಾಜರಿ

ರಬ್ಬರು, ನುಸಿಗುಳಿಗೆ, ಒಣಗದೇ ಉಳಿದ ಬಟ್ಟೆ... ಈ ಮೂರೂ ಸೇರಿದರೆ ಒಂದು ವಾಸನೆ ಬರುತ್ತದೆ. ಕಳೆದ ಭಾನುವಾರ ಕಿತ್ತಳೆ ಬಣ್ಣದ ಜಾಕೆಟ್ಟೊಂದನ್ನು ತಲೆಯ ಮೇಲಿಂದ ಇಳಿಸಿಕೊಳ್ಳುವಾಗ ಆ ವಾಸನೆ ಮೂಗಿಗೆ ಬಡಿಯಿತು. ನಾನು ಇದ್ದಲ್ಲೇ ನಿಂತುಬಿಟ್ಟೆ.

ಸಾಂತಾಕ್ರೂಜಿನ ನಮ್ಮ ಬಿಲ್ಡಿಂಗಿನಲ್ಲಿ ಆ ದಿನ ಬೆಳಿಗ್ಗೆ ಬೆಂಕಿಯ ಡ್ರಿಲ್ ಇತ್ತು. ಹದಿನಾಲ್ಕನೇ ಮಾಳಿಗೆಯಿಂದ ಮೊದಲು ಇಳಿದು ಬಂದವಳು ನಾನೆಂದು ಸೊಸೈಟಿಯ ಸೆಕ್ರೆಟರಿ ಸ್ಟೋರ್ ರೂಮಿನಿಂದ ಆ ಜಾಕೆಟ್ ತಂದು ನನಗೇ ತೊಡಿಸಿದರು. ನಿಮ್ಮ ಮಾಳಿಗೆಗೆ ನೀವೇ ಲೀಡರ್ ಅಂದರು. ನನಗೆ ಅವರ ಮಾತು ಅರ್ಧ ಕೇಳಿಸಿತು, ಅರ್ಧ ಇಲ್ಲ. ನಾನಾಗಲೇ ಚಿಕ್ಕಂದಿನ ವಡಾಲದ ಚಾಳಿನಲ್ಲಿದ್ದೆ, ಹಡಗಿನ ಮಾಮನ ಖೋಲಿಯ ಹೊಸ್ತಿಲಲ್ಲಿ.

ಅವರಿಗೆ ಹೆಸರಿಲ್ಲದೆ ಏನು, ಇತ್ತು. ಆದರೆ ಚಾಳಿಗೆಲ್ಲ ಅವರು ಹಡಗಿನ ಮಾಮ. ಕುಂದಾಪುರದ ಕಡೆಯವರು. ಪ್ರಾಯದಲ್ಲೇ ಸರಕಿನ ಹಡಗು ಹತ್ತಿ ಅಡುಗೆಮನೆ ಸೇರಿದವರು ಕೂದಲು ನೆರೆತ ಮೇಲೆ ಇಳಿದರು. ಮದುವೆ ಆಗಿರಲಿಲ್ಲ. ಎರಡನೇ ಮಾಳಿಗೆಯ ಕೊನೆಯ ಖೋಲಿ ಹಿಡಿದರು. ಬಾಗಿಲ ಹಿಂದೆ ಪ್ರಪಂಚದ ನಕ್ಷೆ, ಮೊಳೆಗೆ ತೂಗುಹಾಕಿದ ಕಿತ್ತಳೆ ಬಣ್ಣದ ಲೈಫ್ ಜಾಕೆಟ್, ಒಂದು ಸ್ಟವ್ವು, ಒಂದು ದೊಡ್ಡ ಸೌಟು. ಅಷ್ಟೇ ಅವರ ಸಂಸಾರ. ಸಂಜೆ ಹೊತ್ತು ಒಬ್ಬರೇ ಪಡಸಾಲೆಯ ಕಟಾಂಜನದ ಕಂಬಿ ಹಿಡಿದು ನಿಂತು ಕೆಳಗಿನ ಗಲ್ಲಿಯನ್ನು ನೋಡುತ್ತಿದ್ದರು, ಅಲ್ಲಿ ಅಲೆ ಏಳುತ್ತದೋ ಎಂಬಂತೆ.

ಮಕ್ಕಳನ್ನು ಸೇರಿಸಿ 'ಮಸ್ಟರ್', ಅಂದರೆ ಹಡಗಿನ ಹಾಜರಿ, ಆಡಿಸಲು ಯಾವಾಗ ಶುರುಮಾಡಿದರೋ ನೆನಪಿಲ್ಲ. ಪಾತ್ರೆಯ ಮುಚ್ಚಳಕ್ಕೆ ಸೌಟಿನಿಂದ ಬಡಿದರೆಂದರೆ ನಾವೆಲ್ಲ ಎಲ್ಲಿದ್ದರೂ ಎದ್ದುಬಿದ್ದು ಎರಡನೇ ಮಾಳಿಗೆಯ ಪಡಸಾಲೆಗೆ ಓಡಬೇಕು. ಬೆಂಕಿಯಾದರೆ ಹಿಂದಿನ ಮೆಟ್ಟಿಲು, ನೀರಾದರೆ ಮೇಲೆ, ಭೂಮಿ ನಡುಗಿದರೆ ತಲೆಗೆ ಕೈ. ಇದೆಲ್ಲ ನಾವು ಬೇಗ ಕಲಿತೆವು. ಕಷ್ಟದ್ದು ಆಮೇಲಿನದು. ಸಾಲಾಗಿ ನಿಂತು ಒಬ್ಬೊಬ್ಬರೂ ತಮ್ಮ ಹೆಸರು ತಾವೇ ಹೇಳಿ "ಇದ್ದೇನೆ" ಅನ್ನಬೇಕು. ಕೊನೆಗೆ ಮಾಮನೂ ತಮ್ಮ ಹೆಸರು ಹೇಳಿ "ಇದ್ದೇನೆ" ಅನ್ನುತ್ತಿದ್ದರು. ಆಮೇಲೆ ಮೆಲ್ಲಗೆ ಕೇಳುತ್ತಿದ್ದರು, "ಯಾರಿಲ್ಲ?"

ಪ್ರತಿಸಲ ಯಾರೋ ಒಬ್ಬರನ್ನು ಮೊದಲೇ ಗುಟ್ಟಾಗಿ ಅಡಗಿಸಿ ಇಟ್ಟಿರುತ್ತಿದ್ದರು. ಇಲ್ಲದವರು ಯಾರೆಂದು ನಾವು ಹೇಳಬೇಕು.

"ಇದ್ದವರನ್ನು ನೋಡ್ಲಿಕ್ಕೆ ಕಣ್ಣು ಸಾಕು ಮಕ್ಕಳೇ," ಅನ್ನುತ್ತಿದ್ದರು. "ಇಲ್ಲದವರನ್ನು ನೋಡ್ಲಿಕ್ಕೆ ಅವರ ಗುರ್ತ ಬೇಕು."

ಚಾಳಿನ ಗಂಡಸರಿಗೆ ಇದು ಒಳ್ಳೆ ತಮಾಷೆ. ಮಾಟುಂಗದ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದ ನನ್ನ ಅಪ್ಪ ಡ್ಯೂಟಿ ಮುಗಿಸಿ ಮೆಟ್ಟಿಲು ಹತ್ತುತ್ತ, "ಏನು ಕ್ಯಾಪ್ಟನ್ರೇ, ಚಾಳು ಇವತ್ತು ಎಷ್ಟು ಗಂಟೆಗೆ ಮುಳುಗ್ತದೆ?" ಅನ್ನುತ್ತಿದ್ದರು. ಮಾಮ ಸೌಟೆತ್ತಿ ಸಲಾಮು ಹೊಡೆಯುತ್ತಿದ್ದರು. "ನಿಮ್ಮ ಊಟ ಆದ ಮೇಲೆ, ಅಣ್ಣ. ಖಾಲಿ ಹೊಟ್ಟೆಯಲ್ಲಿ ಮುಳುಗಬಾರದು."

ಒಂದೇ ಭಾಷೆಯಲ್ಲಿ "ಇದ್ದೇನೆ" ಅಂದರೆ ಅವರಿಗೆ ಸಾಲದು. ತುಳುವಿನಲ್ಲಿ "ಉಲ್ಲೆ", ಮರಾಠಿಯಲ್ಲಿ "ಆಹೆ", ಬಂಗಾಳಿಯಲ್ಲಿ "ಆಛಿ"... ಹಡಗಿನಲ್ಲಿ ಜೊತೆಗಿದ್ದ ಒಬ್ಬೊಬ್ಬರಿಂದ ಒಂದೊಂದು ಕಲಿತಿದ್ದರಂತೆ. ಕತ್ತಲಲ್ಲಿ, ಹೊಗೆಯಲ್ಲಿ ಮನುಷ್ಯನಿಗೆ ಬಾಯಿಗೆ ಬರುವುದು ತಾಯಿ ಕಲಿಸಿದ ಮಾತೇ. ಅದು ನಿನಗೆ ತಿಳಿಯದಿದ್ದರೆ ಅವನು ಕರೆದದ್ದೂ ದಂಡ ಅನ್ನುತ್ತಿದ್ದರು. ರೇಡಿಯೋದಲ್ಲಿ ಎಲ್ಲೋ ಭೂಕಂಪ, ಎಲ್ಲೋ ಚಂಡಮಾರುತ ಅಂತ ಸುದ್ದಿ ಬಂದರೆ ನಮ್ಮನ್ನು ನಕ್ಷೆಯ ಮುಂದೆ ಕೂರಿಸುತ್ತಿದ್ದರು. ಆ ಊರಿನ ಹೆಸರನ್ನು ತಪ್ಪಿಲ್ಲದೆ ಹೇಳಿಸುತ್ತಿದ್ದರು. ಆಮೇಲೆ, "ಅಲ್ಲಿ ಈಗ ಯಾರೋ ಯಾರದೋ ಹೆಸರು ಕೂಗ್ತಾ ಇದ್ದಾರೆ" ಎಂದು ಆ ಊರಿನ ಮೇಲೆ ಬೆರಳಿಡುತ್ತಿದ್ದರು. ಕಾಣದ ಊರಿನವರು ನಮ್ಮ ಪಕ್ಕದ ಖೋಲಿಗೆ ಬಂದ ಹಾಗೆ ಆಗುತ್ತಿತ್ತು.

ಅವರಲ್ಲಿ ಮೀರಬಾರದ ನಿಯಮ ಒಂದಿತ್ತು. ಒಬ್ಬರ ಪರವಾಗಿ ಇನ್ನೊಬ್ಬರು ಹಾಜರಿ ಹೇಳಬಾರದು. ನನ್ನ ಗೆಳತಿ ನೀಲಾ ಒಮ್ಮೆ ನನಗಾಗಿ ಹೇಳಿ ಸಿಕ್ಕಿಬಿದ್ದಳು. ವಿಜಾಪುರದ ಕಡೆಯಿಂದ ಬಂದ ಗಾರೆಕೆಲಸದವರ ಮಗಳು ಅವಳು. "ಹಿಂದ ಬರಾಕತ್ತಾಳ್ರೀ ಮಾಮಾ," ಅಂದಳು.

"ನೋಡಿದ್ದೀಯಾ?"

"ಇಲ್ರೀ, ಆದ್ರ ಬರ್ತಾಳ."

"ನೋಡದಿದ್ದರೆ 'ನೋಡಿಲ್ಲ' ಅನ್ನು."

ಅಂದು ಚಹಾ ಕುದಿಯುತ್ತಿದ್ದಾಗ ಹಡಗಿನ ಕತೆ ಹೇಳಿದರು. ಒಮ್ಮೆ ನಡುಸಮುದ್ರದಲ್ಲಿ ಬೆಂಕಿ ಬಿತ್ತಂತೆ. ಎಲ್ಲರೂ ಮೇಲೆ ಬಂದು ಸಾಲು ನಿಂತರು. ಫಿಲಿಪೈನ್ಸಿನ ಹುಡುಗನೊಬ್ಬನ ಹೆಸರು ಕೂಗಿದಾಗ ಅವನ ಗೆಳೆಯ "ಇದ್ದಾನೆ" ಅಂದ. ಹಿಂದೆಯೇ ಬರುತ್ತಿದ್ದಾನೆ ಅಂತ ಅವನಿಗೆ ಖಾತ್ರಿ. ಲೆಕ್ಕ ಸರಿಯಾಯಿತು. ಬೆಂಕಿ ಹರಡದಿರಲೆಂದು ಕೆಳಗಿನ ಕಬ್ಬಿಣದ ಬಾಗಿಲು ಮುಚ್ಚಿದರು...

"ಆ ಗೆಳೆಯ ಯಾರ್ರೀ ಮಾಮಾ?" ಅಂತ ನೀಲಾ ಕೇಳಿದಳು.

"ಚಹಾ ಉಕ್ತದೆ," ಅಂತ ಮಾಮ ಎದ್ದುಹೋದರು.

ಆಮೇಲೆ ಆ ದೊಡ್ಡ ಮಳೆ ಬಂತು. ಮುಂಬಯಿಯವರಿಗೆ ಯಾವ ಮಳೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಮಧ್ಯಾಹ್ನವೇ ಲೋಕಲ್ ರೈಲು ನಿಂತಿತ್ತು. ಅಪ್ಪಂದಿರೆಲ್ಲ ಹೋಟೆಲಿನಲ್ಲೋ ಸೈಟಿನಲ್ಲೋ ಸಿಕ್ಕಿಬಿದ್ದಿದ್ದರು. ಗಲ್ಲಿಯ ನೀರು ಅಂಗಳಕ್ಕೆ, ಅಂಗಳದ್ದು ಕೆಳಗಿನ ಖೋಲಿಗಳಿಗೆ ನುಗ್ಗಿತು. ಆಗ ಸೌಟಿನ ಸದ್ದು ಕೇಳಿಸಿತು. ಯಾರೂ ನಗಲಿಲ್ಲ. ಕೆಳಗಿನವರೆಲ್ಲ ಹಾಸಿಗೆ, ಮಕ್ಕಳು, ದೇವರ ಪಟ ಎತ್ತಿಕೊಂಡು ಮೇಲೆ ಬಂದರು. ನಾವು ಸಾಲು ನಿಂತೆವು. ಒಬ್ಬೊಬ್ಬರೂ "ಇದ್ದೇನೆ" ಅಂದೆವು. ಅಮ್ಮಂದಿರೂ ಅಂದರು.

"ಯಾರಿಲ್ಲ?"

ಎಲ್ಲರೂ ಇದ್ದ ಹಾಗೇ ಕಂಡಿತು. ಆಗ ನೀಲಾ, "ನಳದ ಹಂತ್ಯಾಕ ಗುಲಾಬಿ ಬಕೀಟ ಇಡ್ತಾಳಲ್ರೀ, ಆಕಿ ಎಲ್ಲ್ಯಾಳ?" ಅಂದಳು.

ಮೆಟ್ಟಿಲ ಕೆಳಗಿನ ಖೋಲಿಗೆ ಕೆಲವೇ ದಿನಗಳ ಹಿಂದೆ ಒಬ್ಬ ಬಂಗಾಳಿ ಹೆಂಡತಿಯನ್ನು ಕರೆತಂದಿದ್ದ. ಅವಳಿಗೆ ನಮ್ಮ ಮಾತು ಬಾರದು, ನಮಗೆ ಅವಳ ಹೆಸರು ತಿಳಿಯದು. ದಿನವೂ ಅವಳ ಬಕೆಟ್ಟಿನ ಹಿಂದೆ ನಮ್ಮ ಕೊಡ ಇಡುತ್ತಿದ್ದೆವು, ಅಷ್ಟೇ.

"ಅವಳು ಬೆಳಿಗ್ಗೆಯೇ ಗಂಡನ ಸಂಗಡ ಹೋಗಿರ್ತಾಳೆ," ಅಂದರು ನನ್ನ ಅಮ್ಮ.

"ನೋಡಿದ್ದೀರಾ ಅಕ್ಕ?"

"ಹೋಗಿರಬೇಕು ಅಂದೆ..."

"ನೋಡಿದ್ದೀರಾ ಅಂತ ಕೇಳಿದ್ದು!"

ಮಾಮ ದನಿಯೇರಿಸಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅಮ್ಮನ ಮುಖ ಸಣ್ಣದಾಯಿತು. "ನೋಡಿಲ್ಲ," ಅಂದರು.

ಮಾಮ ಗೋಡೆಯ ಜಾಕೆಟ್ ತೊಟ್ಟರು. ಬಟ್ಟೆ ಒಣಹಾಕುವ ನೈಲಾನ್ ಹಗ್ಗ ಬಿಚ್ಚಿ ಸೊಂಟಕ್ಕೆ ಬಿಗಿದು, ಇನ್ನೊಂದು ತುದಿಯನ್ನು ಹೆಂಗಸರ ಕೈಗೆ ಕೊಟ್ಟು, ಹಾರೆ ಹಿಡಿದು ಇಳಿದರು. ನೀರು ಎದೆಮಟ್ಟ. ನಾವು ಮೆಟ್ಟಿಲ ಮೇಲಿಂದ ಬಗ್ಗಿ ನೋಡುತ್ತಿದ್ದೆವು. ನೆನೆದು ಉಬ್ಬಿದ ಬಾಗಿಲು ಜಗ್ಗಲಿಲ್ಲ. ಮಾಮ ಹಲಗೆಗೆ ಕಿವಿ ಇಟ್ಟು, ಇದ್ದೀಯಾ ಎಂದು ಬಂಗಾಳಿಯಲ್ಲಿ ಕೂಗಿದರು, "ಆಛೊ? ಆಛೊ?"

ಒಳಗಿನಿಂದ, ಬಾವಿಯ ತಳದಿಂದ ಬಂದ ಹಾಗೆ, "ಆಛಿ..."

"ಆಛಿ ಅಂದ್ಲು! ಆಛಿ ಅಂದ್ಲು!" ಅಂತ ನಾವೆಲ್ಲ ಕಿರುಚಿದೆವು. ಆ ಮಾತಿನ ಅರ್ಥ ಮಕ್ಕಳಾದ ನಮಗೆ ಮಾತ್ರ ಗೊತ್ತಿತ್ತು.

ಹಾರೆಯಿಂದ ಬಾಗಿಲು ಒಡೆದಾಗ ಅವಳು ಮಂಚದ ಮೇಲೆ ನಿಂತಿದ್ದಳು, ತಲೆಯ ಮೇಲೆ ಗುಲಾಬಿ ಬಕೆಟ್ಟು. ಅದರಲ್ಲಿ ಒಂದು ಸೀರೆ, ಒಂದಿಷ್ಟು ಅಕ್ಕಿ. ಮಾಮ ಅವಳನ್ನು ಮೇಲೆ ತಂದರು. ಅಮ್ಮ ಅವಳಿಗೆ ತಮ್ಮದೇ ಸೀರೆ ಉಡಿಸಿ, ಒದ್ದೆ ತಲೆ ಒರೆಸಿ, ಮೊದಲ ಬಾರಿಗೆ ಹೆಸರು ಕೇಳಿದರು. ಮಾಲತಿ ಅಂದಳು. ಮಾಲತಿ, ಮಾಲತಿ ಎಂದು ಚಾಳೆಲ್ಲ ಒಮ್ಮೆ ಹೇಳಿಕೊಂಡಿತು.

ಮಾಮ ತಮ್ಮ ಹೊಸ್ತಿಲಲ್ಲಿ ಕೂತು ನಡುಗುತ್ತಿದ್ದರು. ನಾನೂ ನೀಲಾಳೂ ಚಹಾ ಕೊಟ್ಟೆವು. ಲೋಟ ನೋಡುತ್ತ, ಯಾರಿಗೂ ಅಲ್ಲವೆಂಬಂತೆ, "ಆ ದಿನ ಇದ್ದಾನೆ ಅಂದವ ನಾನೇ ಮಕ್ಕಳೇ," ಅಂದರು. ನೀಲಾ ಅವರ ಬೆನ್ನ ಮೇಲೆ ಕೈ ಇಟ್ಟಳು.

ಕೆಲವು ವರ್ಷಗಳಲ್ಲಿ ಚಾಳು ಒಡೆದರು. ಬಿಲ್ಡರ್ ತೋರಿಸಿದ ಕಡೆಗೆ ಒಂದೊಂದು ಸಂಸಾರ ಹೋಯಿತು. ಮಾಮ ಜಾಕೆಟ್ಟನ್ನು ಹೆಗಲಿಗೆ ಹಾಕಿ, ನಕ್ಷೆಯನ್ನು ಸುರುಳಿ ಸುತ್ತಿ ಟ್ಯಾಕ್ಸಿ ಹತ್ತಿದ್ದು ನಾನು ನೋಡಿದ ಕೊನೆಯ ನೋಟ. ಆಮೇಲೆ ಹುಡುಕದೆ ಇರಲಿಲ್ಲ. ವಡಾಲದಲ್ಲಿ ಕೇಳಿದರೆ, ಊರಿಗೆ ಹೋದರು, ತಂಗಿಯ ಮನೆಯಲ್ಲಿ ಆರಾಮ ಇದ್ದಾರೆ ಅಂದರು. ಊರಿನ ತಂಗಿಯ ಮನೆಗೆ ಫೋನು ಹಚ್ಚಿದರೆ, ಮುಂಬಯಿಯಲ್ಲೇ ಇದ್ದಾರಲ್ಲ ಅಂದರು. ಎರಡು ಕಡೆಯವರಿಗೂ ಖಾತ್ರಿ. ನೋಡಿದವರು ಮಾತ್ರ ಯಾರೂ ಇಲ್ಲ... ಈಗ ಕಲ್ಯಾಣದಲ್ಲಿರುವ ನೀಲಾ ಮಳೆಗಾಲ ಬಂದಾಗಲೆಲ್ಲ ಫೋನು ಮಾಡಿ, "ಮಾಮಾ ಅದಾರೇನ?" ಅನ್ನುತ್ತಾಳೆ.

"ನೋಡಿಲ್ಲ ನೀಲಾ."

"ನಾನೂ ನೋಡಿಲ್ಲ," ಅನ್ನುತ್ತಾಳೆ.

ಭಾನುವಾರದ ಡ್ರಿಲ್ಲಿನಲ್ಲಿ ಸೆಕ್ರೆಟರಿ ಮೊಬೈಲ್ ನೋಡುತ್ತ ಮಾಳಿಗೆ ಮಾಳಿಗೆಯದು ಕೇಳುತ್ತ ಬಂದರು. "ಫೋರ್ಟೀನ್? ಸಬ್ ಹೈ ನಾ?"

"ಹಾಂ ಹಾಂ, ಸಬ್ ಹೈ," ಅಂತ ಹಿಂದಿನಿಂದ ಯಾರೋ ಅಂದರು.

ನಾನು ಸುತ್ತ ನೋಡಿದೆ. ಅಷ್ಟು ಜನ ನಿಂತಿದ್ದಾರೆ; ಯಾರಿಲ್ಲ ಎಂದು ಹೇಳಲು ನನಗೆ ಒಂದು ಮುಖದ ಗುರ್ತವೂ ಇಲ್ಲ. ನನ್ನ ಎದುರು ಬಾಗಿಲಿನವರು ಯಾರೆಂಬುದೇ ತಿಳಿಯದು. ನಾನು ಇಳಿಯದಿದ್ದರೂ ಆ ದನಿ "ಸಬ್ ಹೈ" ಅನ್ನುತ್ತಿತ್ತು.

"ಮೈನೇ ನಹೀ ದೇಖಾ," ಅಂದೆ. ಸೆಕ್ರೆಟರಿ ನಕ್ಕರು. "ಮೇಡಮ್, ಡ್ರಿಲ್ ಹೀ ತೋ ಹೈ."

ಮೇಲೆ ಬಂದು ಎದುರಿನ ಬೆಲ್ ಒತ್ತಿದೆ. ಬಹಳ ಹೊತ್ತಿನ ಮೇಲೆ ಬಾಗಿಲು ಸರಪಳಿಯಷ್ಟು ತೆರೆಯಿತು. ವಯಸ್ಸಾದ ಒಂದು ಕಣ್ಣು, ಅರ್ಧ ಕನ್ನಡಕ. "ಕ್ಯಾ ಹುವಾ?"

"ಕುಛ್ ನಹೀ ಆಂಟಿ. ಆಪ್ ಹೈ ಕ್ಯಾ, ದೇಖನೇ ಆಯೀ."

ಅವರು ನನ್ನ ಜಾಕೆಟ್ಟನ್ನು ಮೇಲಿಂದ ಕೆಳಗೆ ನೋಡಿದರು. "ಹೂಂ. ಹೂಂ ಮೈ," ಇದ್ದೇನೆ ನಾನು ಎಂದು ಬಾಗಿಲು ಹಾಕಿಕೊಂಡರು.

ನಾನು ಮನೆಯೊಳಗೆ ಬಂದು ಹಾಲಿನ ನಡುವೆ ನಿಂತೆ. ಜಾಕೆಟ್ ತೆಗೆಯಲು ಮನಸ್ಸಾಗಲಿಲ್ಲ. ನನ್ನ ಹೆಸರು ನಾನೇ ಹೇಳಿ, "ಇದ್ದೇನೆ" ಅಂದೆ. ಗೋಡೆಗಳಿಗೆ ಅಭ್ಯಾಸವಿಲ್ಲ, ದನಿ ನನಗೇ ವಾಪಸು ಬಂತು.

ಆಮೇಲೆ ಮಾಮನ ಸರದಿ. ಕೊನೆಯದು ಯಾವಾಗಲೂ ಅವರದೇ ಅಲ್ಲವೇ... ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿ, ಸ್ವಲ್ಪ ಹೊತ್ತು ಕಾದೆ.