ಹೊಸ್ತಿಲು ದಾಟಲೊಲ್ಲದ ಒಲೆ

ಚಾಮರಾಜಪೇಟೆಯ ಹಾಲಿನ ಬೂತಿನ ಮುಂದೆ ಇನ್ನೂ ಸಾಲು ನಿಂತಿಲ್ಲ. ಐದನೇ ಮೇನ್‌ರೋಡಿನಲ್ಲಿ ಊಟದ ಮೆಸ್ ನಡೆಯುವ ಒಂದು ಹಳೆಯ ಮನೆಯ ಅಡುಗೆಮನೆಯಲ್ಲಿ ಸಿದ್ದಮ್ಮ ಆಗಲೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಅರ್ಧಕ್ಕೆ ಕತ್ತರಿಸಿದ ಕಬ್ಬಿಣದ ಡ್ರಮ್ಮಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಡ್ರಮ್ಮಿನ ನಟ್ಟನಡುವೆ ಒಂದು ಒನಕೆಯ ತುಂಡು ನಿಂತಿದೆ. ಬುಡದ ತೂತಿನಿಂದ ಇನ್ನೊಂದು ಕೋಲು ಒಳಗೆ ತೂರಿ ಒನಕೆಯ ಕಾಲನ್ನು ಮುಟ್ಟಿದೆ. ಸುತ್ತಲಿನ ಖಾಲಿ ಜಾಗಕ್ಕೆ ಸಿದ್ದಮ್ಮ ಮರ ಕೊಯ್ಯುವಾಗ ಉದುರುವ ಹೊಟ್ಟನ್ನು ಬೊಗಸೆ ಬೊಗಸೆಯಾಗಿ ಸುರಿಯುತ್ತಾರೆ, ಮುಷ್ಟಿ ಕಟ್ಟಿ ಗುದ್ದುತ್ತಾರೆ, ಮತ್ತೆ ಸುರಿಯುತ್ತಾರೆ, ಮತ್ತೆ ಗುದ್ದುತ್ತಾರೆ.

"ಮೆತ್ತಗೆ ಗುದ್ದಿದ್ರೆ ಇದು ಮಾತ್ ಕೇಳಾಕಿಲ್ಲ. ಮಕ್ಳಿಗೆ ಹೊಡೀಬಾರ್ದು, ಒಲೆಗೆ ಹೊಡೀಬೇಕು," ಎಂದು ನಗುತ್ತಾರೆ. ನಕ್ಕರೂ ಕೈ ನಿಲ್ಲುವುದಿಲ್ಲ.

ಹೊಟ್ಟು ಡ್ರಮ್ಮಿನ ಬಾಯಿಗೆ ಬಂದ ಮೇಲೆ ನಾಜೂಕಿನ ಕೆಲಸ. ಒನಕೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸುತ್ತಾ, ಉಸಿರು ಬಿಗಿಹಿಡಿದು ಮೇಲೆಳೆಯುತ್ತಾರೆ. ಆಮೇಲೆ ಬುಡದ ಕೋಲನ್ನೂ ಎಳೆಯುತ್ತಾರೆ. ಈಗ ನಡುವೆ ಒಂದು ಪುಟ್ಟ ಬಾವಿ, ಅದಕ್ಕೆ ಕೆಳಗಿನಿಂದ ಒಂದು ಸುರಂಗ. ಸುರಂಗದೊಳಗೆ ಉರಿಯುವ ಕಡ್ಡಿಚೂರು ತಳ್ಳಿದರೆ ಬಾವಿಯ ಗೋಡೆಗೆ ಕಿಡಿ ಹತ್ತಿ, ಬಾಯಿಂದ ಉರಿ ಮೇಲೇಳುತ್ತದೆ. ಒಮ್ಮೆ ಹತ್ತಿದರೆ ಅದು ಮಧ್ಯಾಹ್ನದ ಊಟದವರೆಗೆ ಯಾರ ಮುಲಾಜೂ ಇಲ್ಲದೆ ಉರಿಯುತ್ತದೆ. ಮೆಸ್ಸಿನ ಅನ್ನ, ಹುಳಿ, ಪಲ್ಯ, ಸಾರು ಎಲ್ಲವೂ ಆ ಒಂದೇ ತುಂಬುವಿಕೆಯಲ್ಲಿ ಮುಗಿಯುತ್ತವೆ.

ಹೋದ ವರ್ಷದಿಂದ ಈ ಊರಿನಲ್ಲಿ ಇಬ್ಬರು ಸೇರಿದರೆ ಮೂರನೆಯ ಮಾತು ಗ್ಯಾಸಿನದು. ಸಿಲಿಂಡರಿನ ಬೆಲೆ ಏರಿದೆ. ಏರಿದ ಬೆಲೆ ಕೊಡುತ್ತೇನೆಂದರೂ ಅದು ಬರುವ ದಿನ ಯಾರಿಗೂ ಗೊತ್ತಿಲ್ಲ. ಸೀಮೆಎಣ್ಣೆಗೆ ಬೆಳಗಿನಿಂದ ಡಬ್ಬಗಳು ಕ್ಯೂ ನಿಲ್ಲುತ್ತವೆ, ಡಬ್ಬಗಳ ಯಜಮಾನರು ಪಕ್ಕದ ಜಗಲಿಯಲ್ಲಿ ಕೂತು ಸರ್ಕಾರವನ್ನು ಬೈಯುತ್ತಾರೆ. ಸೌದೆ ಡಿಪೋದವರಂತೂ ಇದೇ ಸಮಯವೆಂದು ಹಸಿ ಮರವನ್ನು ಒಣಗಿದ ಮರದ ಬೆಲೆಗೆ ತೂಗುತ್ತಿದ್ದಾರೆ. ಇಂಥ ಕಾಲದಲ್ಲಿ ಮಿಲ್ಲಿನವರು ಕಸವೆಂದು ಗುಡ್ಡೆ ಹಾಕಿದ್ದ ಹೊಟ್ಟಿನಿಂದ ಒಂದು ಪೇಟೆಯ ಅನ್ನ ಬೇಯಿಸುತ್ತಿರುವ ಹೆಂಗಸಿನ ಹೆಸರು ಪಕ್ಕದ ಬೀದಿಯವರಿಗೂ ಗೊತ್ತಿಲ್ಲ. ಅಂದಮೇಲೆ ಬರೆಯಲೇಬೇಕು.

ಸಿದ್ದಮ್ಮನವರದು ಮೈಸೂರು ರಸ್ತೆಗೆ ಅಂಟಿಕೊಂಡ ಕೇರಿಯ ದಲಿತ ಕುಟುಂಬ. ಮದುವೆಯಾಗಿ ಬಂದ ಹೊಸತರಲ್ಲಿ ಅವರು ಡಿಪೋದಿಂದ ಮನೆಮನೆಗೆ ಸೌದೆ ಹೊರುತ್ತಿದ್ದರು. ಮನೆಗಳಿಗೆ ಒಂದೊಂದಾಗಿ ಗ್ಯಾಸ್ ಬಂತು, ಸೌದೆ ಕೇಳುವವರು ಕಡಿಮೆಯಾದರು. ಅದೇ ಹೊತ್ತಿಗೆ ಮರ ಕೊಯ್ಯುವ ಮಿಲ್ಲಿನಲ್ಲಿ ದಿಮ್ಮಿ ಉರುಳಿಸುತ್ತಿದ್ದ ಗಂಡ ಸೊಣ್ಣಪ್ಪನವರ ಕಾಲಿನ ಮೇಲೆ ದಿಮ್ಮಿಯೇ ಉರುಳಿತು. ಕಾಲು ಉಳಿಯಿತು, ಕೆಲಸ ಉಳಿಯಲಿಲ್ಲ. ಈಗ ಅವರು ಮನೆಯಲ್ಲೇ ಕೂತು ಅಗರಬತ್ತಿ ಹೊಸೆಯುತ್ತಾರೆ.

ಗಂಡನಿಗೆ ಬುತ್ತಿ ಕೊಡಲು ಮಿಲ್ಲಿಗೆ ಹೋಗುತ್ತಿದ್ದ ದಿನಗಳಲ್ಲಿ ಅಲ್ಲಿನ ಆಳುಗಳು ಹಳೇ ಬಣ್ಣದ ಡಬ್ಬದಲ್ಲಿ ಹೊಟ್ಟು ತುಂಬಿ ಟೀ ಕಾಯಿಸುವುದನ್ನು ಸಿದ್ದಮ್ಮ ನೋಡಿದ್ದರು. ಮನೆಗೆ ಬಂದು ತಾವೂ ಒಂದು ಮಾಡಿದರು. ಮೊದಲ ಪ್ರಯೋಗ ಪಕ್ಕದ ಮನೆಯ ಮೇಲೆ ನಡೆಯಿತು. ಹಿಂದಿನ ದಿನ ಮಳೆ ಬಂದಿತ್ತು, ಹೊಟ್ಟು ತೇವ ಕುಡಿದಿತ್ತು, ಇವರಿಗೆ ಅದು ತಿಳಿದಿರಲಿಲ್ಲ. ಒಲೆ ಹಚ್ಚಿದ್ದೇ ತಡ, ಇಡೀ ವಠಾರ ಕೆಮ್ಮುತ್ತಾ ಬೀದಿಗೆ ಬಂತು.

"ಅವತ್ತು ತಿಂದ ಬೈಗುಳಕ್ಕೆ ರಾತ್ರಿ ಊಟಾನೇ ಬೇಕಾಗ್ಲಿಲ್ಲ," ಎನ್ನುತ್ತಾರೆ ಸಿದ್ದಮ್ಮ. "ಆಮ್ಯಾಕೆ ಬುದ್ಧಿ ಬಂತು. ಬಿಸ್ಲಲ್ಲಿ ಹರ್ವಿ, ಜರಡಿ ಹಿಡ್ದು, ಕೈಯಾಗೆ ಹಿಂಡಿದ್ರೆ ಅಂಟ್ಬಾರ್ದು, ಅಂಥದ್ದೇ ತುಂಬೋದು."

ಬೋಂಡಾ ಅಂಗಡಿಯೊಂದು ಮೊದಲ ಗಿರಾಕಿ. ಅದಾದ ಮೇಲೆ ಇಡ್ಲಿ ಮಾರುವವರು, ಹಂಡೆ ನೀರು ಕಾಯಿಸುವವರು. ಬೆಳಗಾಗುವಷ್ಟರಲ್ಲಿ ಅವರ ಒಲೆ ತುಂಬಿ, ಚೀಲ ಹೆಗಲಿಗೇರಿಸಿ ಸಿದ್ದಮ್ಮ ಮುಂದಿನ ಬೀದಿಗೆ ನಡೆದಿರುತ್ತಾರೆ. ಇವೆಲ್ಲ ಬೀದಿಬದಿಯ, ಹಿತ್ತಲಿನ ಒಲೆಗಳು. ಕಷ್ಟ ಶುರುವಾದದ್ದು ಅಡುಗೆಮನೆಯ ಒಲೆಯಿಂದ.

ಐದನೇ ಮೇನ್‌ರೋಡಿನ ಆಂಡಾಳ್ ಅವರ ಮೆಸ್ಸಿಗೆ ಬೋರ್ಡಿಲ್ಲ; ಹುಳಿಯ ಘಮವೇ ಬೋರ್ಡು. ಗಂಡ ತೀರಿಕೊಂಡ ಮೇಲೆ ಆ ಅಯ್ಯಂಗಾರ್ ಹೆಂಗಸು ಮನೆಯ ನಡುಮನೆಯಲ್ಲಿ ಎಲೆ ಹಾಕಿ, ಬ್ಯಾಂಕಿನ ಗುಮಾಸ್ತರಿಗೂ ಕಾಲೇಜು ಹುಡುಗರಿಗೂ ಬಡಿಸಿ ಸಂಸಾರ ನಡೆಸುತ್ತಿದ್ದಾರೆ. ಗ್ಯಾಸ್ ಕೈಕೊಟ್ಟಾಗ ಸೌದೆಗೆ ಇಳಿದರು. ಸೌದೆಯ ಖರ್ಚು ಊಟದ ದುಡ್ಡನ್ನೇ ನುಂಗತೊಡಗಿದಾಗ ಬೋಂಡಾ ಅಂಗಡಿಯವರಿಂದ ಸಿದ್ದಮ್ಮನ ಸುದ್ದಿ ತಿಳಿದು ಹೇಳಿಕಳಿಸಿದರು. ಒಲೆ ಬೇಕಿತ್ತು. ಒಲೆ ತುಂಬುವವರು ಮಾತ್ರ ಹಿತ್ತಲ ಬಾಗಿಲಿನ ಆಚೆಯೇ ಇರಬೇಕಿತ್ತು. ಅದನ್ನು ಆಂಡಾಳ್ ಬಾಯಿಬಿಟ್ಟು ಹೇಳಲಿಲ್ಲ, ಸಿದ್ದಮ್ಮ ಬಾಯಿಬಿಟ್ಟು ಕೇಳಲಿಲ್ಲ. ಇಬ್ಬರಿಗೂ ಹುಟ್ಟಿದಾಗಿನಿಂದ ಗೊತ್ತಿದ್ದ ಸಂಗತಿ ಅದು.

ಸಿದ್ದಮ್ಮ ಹಿತ್ತಲಲ್ಲಿ ಕೂತು ಡ್ರಮ್ಮು ತುಂಬಿದರು. ಅದನ್ನು ಒಳಗೆ ಸಾಗಿಸಲು ಆಂಡಾಳ್ ಒಂದು ಕಡೆ ಹಿಡಿದರು, ಮೆಸ್ಸಿನ ಹಳೇ ಗಿರಾಕಿ ಶೀನಣ್ಣ ಇನ್ನೊಂದು ಕಡೆ. ಹಳೇ ಮನೆ, ಎತ್ತರದ ಹೊಸ್ತಿಲು. ಶೀನಣ್ಣನವರ ಕಾಲು ಹೊಸ್ತಿಲಿಗೆ ತಗುಲಿ ಡ್ರಮ್ಮು ಒಂದೇ ಒಂದು ಸಲ ಕುಲುಕಿತು. ಒಳಗಿನ ಬಾವಿ ದಸಕ್ಕೆಂದು ಕುಸಿಯಿತು. ಅವತ್ತು ಗಿರಾಕಿಗಳಿಗೆ ಮೊಸರನ್ನ, ಉಪ್ಪಿನಕಾಯಿ.

ಮಾರನೆಯ ದಿನ ಇಬ್ಬರೂ ಡ್ರಮ್ಮನ್ನು ಹಸುಗೂಸಿನಂತೆ ಎತ್ತಿ ತಂದರು. ಬಾವಿ ಕುಸಿಯಲಿಲ್ಲ, ಆದರೆ ಕಣ್ಣಿಗೆ ಕಾಣದ ಬಿರುಕು ಬಿಟ್ಟಿತ್ತು. ಕಿಡಿ ಅದರೊಳಗೆ ಹೊಕ್ಕು, ಹೊಟ್ಟೆಲ್ಲ ಒಳಗೊಳಗೇ ಹೊಗೆಯಾಡಿ, ಹುಳಿಯ ಬೇಳೆ ಬೇಳೆಯಾಗಿಯೇ ಉಳಿಯಿತು. ಮೂರನೆಯ ದಿನ ಆಂಡಾಳ್ ತಾವೇ ತುಂಬಲು ಕೂತರು. ಸಿದ್ದಮ್ಮ ಬಾಗಿಲಾಚೆ ನಿಂತು "ಇನ್ನೂ ಗುದ್ದಿ ಅಮ್ಮಾ, ಇನ್ನೂ ಗುದ್ದಿ" ಎಂದು ಕೂಗಿದ್ದೇ ಕೂಗಿದ್ದು. ಒನಕೆ ಮೇಲೆ ಬರುವಾಗ ಹೊಟ್ಟೂ ಅದರ ಜೊತೆಗೇ ಬಂತು.

ಅಷ್ಟರಲ್ಲಿ ಬೀದಿಗೆ ಸುದ್ದಿ ಹಬ್ಬಿತ್ತು: ಸಿದ್ದಮ್ಮನ ಒಲೆ ಕುಸಿಯುತ್ತದಂತೆ. ಬೋಂಡಾ ಅಂಗಡಿಯವರೂ "ನಮ್ದು ಏನೂ ಆಗಲ್ವಾ?" ಎಂದು ಕೇಳಿದರು. ಸಿದ್ದಮ್ಮನಿಗೆ ಮೈ ಉರಿದುಹೋಯಿತು. ಹೆಸರು ಕೆಟ್ಟರೆ ಮನೆಯ ಅನ್ನವೂ ಕೆಟ್ಟ ಹಾಗೆಯೇ. ನೇರ ಆಂಡಾಳ್ ಮನೆಯ ಹಿತ್ತಲಿಗೆ ಹೋಗಿ ನಿಂತರು.

"ಅಮ್ಮಾ, ತುಂಬಿದ ಒಲೆ ಬಸುರಿ ಇದ್ದಂಗೆ, ಜಗ್ಗಾಡಿಸ್ಬಾರ್ದು. ಅದು ಎಲ್ಲಿ ಉರೀಬೇಕೋ ಅಲ್ಲೇ ಕೂರ್ಸಿ ತುಂಬ್ಬೇಕು. ನಾನು ಒಳೀಕೆ ಬರ್ಬೇಕು, ಇಲ್ಲಾಂದ್ರೆ ನೀವು ಅಡುಗೆಮನೇನ ಆಚೀಕೆ ತರ್ಬೇಕು. ನನ್ ಒಲೇಲಿ ತಪ್ಪಿಲ್ಲ."

ಇಷ್ಟು ಹೇಳಿ ಸಿದ್ದಮ್ಮ ತಮ್ಮ ಒನಕೆಯ ತುಂಡು ಎತ್ತಿಕೊಂಡು ಹೊರಟುಬಿಟ್ಟರು. ಮನೆಗೆ ಬಂದರೆ ಸೊಣ್ಣಪ್ಪನವರ ತರಾಟೆ. "ಇರೋ ಗಿರಾಕೀನ ಬುಟ್ಟು ಬಂದಿದ್ದೀಯಲ್ಲ, ನಿಂಗೆ ಯಾಕ್ ಬೇಕಿತ್ತು ಬಾಯಿ?" ಸಿದ್ದಮ್ಮ ಹೊಟ್ಟು ಜರಡಿ ಹಿಡಿಯುತ್ತಾ ಕೂತರಂತೆ. ಅವತ್ತು ಒಬ್ಬರೇ ಕೂತು ಅತ್ತದ್ದನ್ನೂ ಅವರು ಮುಚ್ಚಿಡುವುದಿಲ್ಲ. "ಸಿಟ್ಟಿಗೆ ಅತ್ತೆ, ದುಃಖಕ್ಕಲ್ಲ," ಎಂದು ತಿದ್ದುತ್ತಾರೆ.

ಇತ್ತ ಆಂಡಾಳ್ ಅವರು ಗಿರಾಕಿಗಳಿಗೆ ತಿಂಗಳ ಕೊನೆಗೆ ಮೆಸ್ ಮುಚ್ಚುತ್ತೇನೆಂದು ಹೇಳಿಯಾಗಿತ್ತು. ಒಳ್ಳೆಯ ಯೋಚನೆ, ಮಡಿಯಾದರೂ ಉಳಿಯುತ್ತದೆ ಎಂದು ಶೀನಣ್ಣ ತಲೆಯಾಡಿಸಿದರು. ಆ ಮಾತು ಕೇಳಿದ್ದೇ ತಮಗೆ ಸಂಕಟವಾಯಿತು ಎಂದು ಆಂಡಾಳ್ ಈಗ ಹೇಳುತ್ತಾರೆ. "ಮಡಿ ಉಳಿಯತ್ತೆ, ಸರಿ. ಮಡೀನ ಬಡಿಸಕ್ಕಾಗತ್ತಾ? ನಾನೇನು ತಿನ್ನಲಿ?"

ಮಾರನೆಯ ಬೆಳಿಗ್ಗೆ ಮಿಲ್ಲಿನ ಆಳುಗಳು ಕಂಡಂಥ ನೋಟವನ್ನು ಅವರು ಜನ್ಮದಲ್ಲಿ ಕಂಡಿರಲಿಲ್ಲ. ಮೈಸೂರು ರಸ್ತೆಯ ಲಾರಿಗಳ ನಡುವೆ ಸೀರೆ ಎತ್ತಿ ಹಿಡಿದುಕೊಂಡು ಆಂಡಾಳ್ ನಡೆದು ಬಂದರು. ಸಿದ್ದಮ್ಮ ಜರಡಿ ಹಿಡಿಯುತ್ತಿದ್ದ ಹೊಟ್ಟಿನ ಗುಡ್ಡೆಯ ಪಕ್ಕ, ಪಾದ ಮುಚ್ಚುವಷ್ಟು ಹೊಟ್ಟಿನಲ್ಲಿ ನಿಂತರು.

"ಬಾ ಸಿದ್ದಮ್ಮ. ಒಳಗೇ ತುಂಬು," ಎಂದರು.

ಸಿದ್ದಮ್ಮ ಜರಡಿ ಕೆಳಗಿಡಲಿಲ್ಲ. ಎಷ್ಟೋ ವರ್ಷದಿಂದ ಗಂಟಲಲ್ಲಿದ್ದ ಪ್ರಶ್ನೆ ಅವತ್ತು ಹೊರಗೆ ಬಂತು. "ನಾನ್ ಬಂದು ಹೋದ್ಮ್ಯಾಕೆ ಅಡುಗೆಮನೆ ತೊಳ್ಕೋತೀರೇನಮ್ಮಾ?"

ಆಂಡಾಳ್ ಅವರ ಕೈಯಿಂದ ಜರಡಿ ತೆಗೆದುಕೊಂಡರು. "ದಿನಾ ತೊಳೀತೀನಿ ಕಣೆ. ಅದು ನಾನು ಚೆಲ್ಲೋ ಹುಳಿಗೆ. ನಿನಗಲ್ಲ."

ಇಬ್ಬರೂ ಜೊತೆಯಾಗಿ ಚಾಮರಾಜಪೇಟೆಗೆ ನಡೆದರು. ಹೊಟ್ಟಿನ ಚೀಲ ಸಿದ್ದಮ್ಮನ ತಲೆಯ ಮೇಲೆ, ಜರಡಿ ಆಂಡಾಳ್ ಕೈಯಲ್ಲಿ. ಹಿತ್ತಲ ಬಾಗಿಲಿಗೆ ಬಂದಾಗ ಸಿದ್ದಮ್ಮನ ಕಾಲು ತಾನಾಗಿ ನಿಂತುಬಿಟ್ಟಿತಂತೆ. "ಬಾಯಲ್ಲಿ ಜೋರು ಮಾಡಿದ್ದೆ, ಕಾಲು ಕೇಳ್ಬೇಕಲ್ಲ! ಅಮ್ಮ ಒಳಗಿಂದ 'ಹೊತ್ತಾಯ್ತು, ಏನ್ ನಿಂತಿದೀಯ' ಅಂತ ಬೈದ್ರು. ಬೈದಿದ್ದೇ ಒಳ್ಳೇದಾಯ್ತು, ಹೋಗ್ಬುಟ್ಟೆ."

ಅವತ್ತು ಡ್ರಮ್ಮು ಅಡುಗೆಮನೆಯ ಮೂಲೆಯಲ್ಲಿ ಕೂತಿತು, ಕೂತಲ್ಲೇ ತುಂಬಿಸಿಕೊಂಡಿತು. ಒನಕೆ ಮೇಲೆ ಬಂತು, ಹೊಟ್ಟಿನ ಗೋಡೆ ಕಲ್ಲಿನಂತೆ ನಿಂತಿತು. ಕಡ್ಡಿ ಸೋಕಿದ್ದೇ ಹೊಗೆಯಿಲ್ಲದೆ ಉರಿ ಎದ್ದಿತು. ಅನ್ನದ ಪಾತ್ರೆ ಇಳಿದು ಹುಳಿ ಏರಿತು, ಹುಳಿ ಇಳಿದು ಪಲ್ಯ ಏರಿತು, ಸಾರೂ ಕುದಿಯಿತು. ಎಲ್ಲ ಇಳಿದರೂ ಒಲೆ ಇನ್ನೂ ಉರಿಯುತ್ತಲೇ ಇತ್ತು. ಉರಿಯನ್ನು ಸುಮ್ಮನೆ ಬಿಡಲು ಮನಸ್ಸಾಗದೆ ಆಂಡಾಳ್ ಡಬ್ಬಿ ತಡಕಿ ಶಾವಿಗೆ ತೆಗೆದು ಪಾಯಸಕ್ಕೆ ಇಟ್ಟರು. ಗ್ಯಾಸಿನ ಬೆಲೆ ಏರಿದಂದಿನಿಂದ ಆ ಮೆಸ್ಸಿನ ಎಲೆಗೆ ಪಾಯಸ ಬಿದ್ದಿರಲಿಲ್ಲ.

ಎಲೆ ಹಾಕಿದಾಗ ಶೀನಣ್ಣನವರ ಕಣ್ಣು ಅಡುಗೆಮನೆಯೊಳಗೆ ಹೋಯಿತು. ಅಲ್ಲಿ ಸಿದ್ದಮ್ಮ ಕೂತು ಡ್ರಮ್ಮಿನ ಗಾಳಿತೂತನ್ನು ಇಟ್ಟಿಗೆಯಿಂದ ಸರಿಪಡಿಸುತ್ತಿದ್ದರು. "ಒಳಗೆ ಯಾರು ಅದು?" ಎಂದು ಶೀನಣ್ಣ ಎಲೆಯ ಮುಂದಿನಿಂದ ಎದ್ದರು. ಇಡೀ ಪಂಕ್ತಿ ಕೈ ತಡೆದು ಕೂತಿತು. ಇಲ್ಲಿ ಒಬ್ಬರ ಹಿಂದೆ ಎಲ್ಲರೂ ಎದ್ದರೆ ಮೆಸ್ಸೂ ಮುಗಿಯಿತು, ಒಲೆಯೂ ಮುಗಿಯಿತು.

ಆಂಡಾಳ್ ಸೌಟು ಹಿಡಿದುಕೊಂಡೇ ನಡುಮನೆಗೆ ಬಂದರು. "ಸಿದ್ದಮ್ಮ. ಇವತ್ತಿಂದ ದಿನಾ ಬರ್ತಾಳೆ. ಮೆಸ್ ಮುಚ್ಚಲ್ಲ. ಎದ್ದವರ ಎಲೆ ತೆಗೀತೀನಿ, ಕೂತವರಿಗೆ ಪಾಯಸ ಇದೆ."

ಶೀನಣ್ಣ ಒಬ್ಬರೇ ಚಪ್ಪಲಿ ಮೆಟ್ಟಿದರು. ಉಳಿದವರು ತಲೆ ತಗ್ಗಿಸಿ ಅನ್ನ ಕಲೆಸಿದರು. ನಾಚಿಕೆಗೋ, ಪಾಯಸದ ಆಸೆಗೋ ಹೇಳುವುದು ಕಷ್ಟ. ವಾರ ಕಳೆಯುವಷ್ಟರಲ್ಲಿ ಶೀನಣ್ಣನವರೂ ವಾಪಸಾದರು. ಹೊರಗೆ ಹೋಟೆಲುಗಳು ಗ್ಯಾಸಿನ ನೆಪ ಹೇಳಿ ಊಟದ ಬೆಲೆ ಏರಿಸಿ, ಹುಳಿಯಲ್ಲಿ ನೀರು ಏರಿಸಿದ್ದವು. ಬಂದವರೇ ಸುಮ್ಮನೆ ತಮ್ಮ ಹಳೇ ಜಾಗದಲ್ಲಿ ಕೂತರು. ಸಿದ್ದಮ್ಮ ಒಳಗಿನಿಂದಲೇ "ಪಾಯಸ ಮುಗ್ದೋಯ್ತು ಸ್ವಾಮಿ" ಎಂದು ಕೂಗಿದರಂತೆ. ಶೀನಣ್ಣನೂ ನಕ್ಕರು ಎಂದು ಆಂಡಾಳ್ ಹೇಳುತ್ತಾರೆ. ಸಿದ್ದಮ್ಮ ಮಾತ್ರ ಅದನ್ನು ಒಪ್ಪುವುದಿಲ್ಲ.

ಈಗ ಆ ಮೆಸ್ಸಿನಲ್ಲಿ ಸೌದೆಯ ರಾಶಿ ಇಲ್ಲ, ಸೀಮೆಎಣ್ಣೆ ಕ್ಯೂಗೆ ಡಬ್ಬ ಹೋಗುವುದಿಲ್ಲ. ಗ್ಯಾಸ್ ಸಿಲಿಂಡರು ಬಂದರೆ ಕಾಫಿಗೆ ಮಾತ್ರ. ಉಳಿದ ದುಡ್ಡಿನಲ್ಲಿ ಆಂಡಾಳ್ ಊಟದ ಬೆಲೆಯನ್ನು ಏರಿಸದೆ ಹಾಗೇ ಇಟ್ಟಿದ್ದಾರೆ, ಪಂಕ್ತಿ ಉದ್ದವಾಗಿದೆ. ಕೆಲಸ ಮುಗಿದ ಮೇಲೆ ಸಿದ್ದಮ್ಮ ಮತ್ತು ಆಂಡಾಳ್ ಅಡುಗೆಮನೆಯಲ್ಲೇ ಎದುರುಬದುರು ಕೂತು ಉಣ್ಣುತ್ತಾರೆ. ಉಪ್ಪು ಕಡಿಮೆಯೋ ಜಾಸ್ತಿಯೋ ಎಂದು ಜಗಳವಾಡುತ್ತಾರೆ.

ಬಸವನಗುಡಿಯ ಒಂದು ಛತ್ರದ ಅಡುಗೆಯವರೂ, ಶೇಷಾದ್ರಿಪುರಂನ ಎರಡು ಮನೆಯವರೂ ಈಗ ಹೇಳಿಕಳಿಸುತ್ತಾರೆ. ಕೇರಿಯ ಇನ್ನಿಬ್ಬರು ಹೆಂಗಸರಿಗೆ ಸಿದ್ದಮ್ಮ ಕೆಲಸ ಕಲಿಸಿ ಕಳಿಸಿದ್ದಾರೆ. ಷರತ್ತು ಎಲ್ಲ ಕಡೆಯೂ ಒಂದೇ.

"ಒಲೆ ಉರಿಯೋ ಜಾಗದಲ್ಲೇ ತುಂಬೋದು. ಹಿತ್ಲಲ್ಲಿ ತುಂಬ್ಕೊಡು ಅಂದ್ರೆ ನಮಸ್ಕಾರ, ಹೋಗ್ಬುಟ್ ಬತ್ತೀನಿ ಅಂತೀನಿ. ಅಂಥೋರು ಕ್ಯೂ ನಿಂತ್ಕೊಳ್ಲಿ. ಅವರಿಗೂ ಒಂದಿನ ಕಾಲು ನೋಯ್ತದೆ, ಕರೀತಾರೆ."

ಇನ್ನೇನಾದರೂ ಆಸೆ ಇದೆಯೇ ಎಂದು ಕೇಳಿದರೆ, ಮಳೆಗಾಲದಲ್ಲಿ ಹೊಟ್ಟು ನೆನೆಯದಂತೆ ಒಂದು ತಗಡಿನ ಮಾಡು ಸಿಕ್ಕರೆ ಸಾಕು ಎನ್ನುತ್ತಾರೆ. ಕೈಯಲ್ಲಿನ ಹೊಟ್ಟು ಕೊಡವಿ ಎದ್ದು ನಿಂತವರು, ಏನೋ ನೆನಪಾಗಿ ನಗತೊಡಗುತ್ತಾರೆ.

"ನಮ್ ಕೇರಿ ಹೆಂಗಸ್ರು ದಿನಾ ಸುತ್ಕೊಂಡು ಕೇಳ್ತಾರೆ, ಅಯ್ಯಂಗಾರ್ರ ಅಡುಗೆಮನೆ ಒಳಗೆ ಹೆಂಗೈತೆ ಸಿದ್ದಮ್ಮಕ್ಕಾ ಅಂತ. ಏನೈತೆ ಬುಡ್ರೇ, ನಮ್ ಮನೆಯಂಗೇ ಐತೆ. ಚಿಕ್ಕ ಕಿಟಕಿ, ಮಸಿ ಗೋಡೆ, ಮೊದ್ಲು ತುಂಬಾ ಸೌದೆ ಹೊಗೆ ಇತ್ತು. ನಾನ್ ಒಳೀಕೆ ಹೋದೆ, ಹೊಗೆ ಆಚೀಕೆ ಹೋಯ್ತು, ಅಂತೀನಿ."