ವಾರಕ್ಕೊಂದೇ ಅಡುಗೆ

ನನ್ನ ಗಂಡ ಅಡುಗೆಮನೆಯನ್ನು ಸುಧಾರಿಸಲು ಹೊರಟ ವರ್ಷ ನಾವು ಕುವೈತಿನ ಅಬ್ಬಾಸಿಯಾದಲ್ಲಿ, ಲಿಫ್ಟು ಕೆಟ್ಟೇ ಇರುತ್ತಿದ್ದ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿದ್ದೆವು. ಅವರು ಶುವೈಖ್ ಇಂಡಸ್ಟ್ರಿಯಲ್ ಏರಿಯಾದ ಒಂದು ಎಸಿ ಕಂಪನಿಯಲ್ಲಿ ಪ್ಲಾನಿಂಗ್ ಇಂಜಿನಿಯರ್. ಯಾವ ಕಟ್ಟಡದ ಯಾವ ಮಹಡಿಗೆ ಯಾವತ್ತು ಎಸಿ ಕೂರಬೇಕು ಎಂದು ಕಂಪ್ಯೂಟರಿನಲ್ಲಿ ಬಣ್ಣಬಣ್ಣದ ಪಟ್ಟೆ ಎಳೆಯುವುದು ಅವರ ಕೆಲಸ. ಎಸಿಗಳನ್ನು ಹೊತ್ತು ಮೇಲೇರಿಸಿ ಕೂರಿಸುವವರು ಬೇರೆ ಇದ್ದರು. ನಾನು ಜಹ್ರಾದ ಕ್ಲಿನಿಕ್ಕೊಂದರಲ್ಲಿ ಲ್ಯಾಬ್ ಟೆಕ್ನಿಶಿಯನ್. ಬೆಳಗಿನ ವ್ಯಾನು ಹಿಡಿದು ಹೋದರೆ ಇಡೀ ದಿನ ಜನರ ರಕ್ತ ತೆಗೆದು, ಸಂಜೆ ಅದೇ ವ್ಯಾನಿನಲ್ಲಿ ತೂಕಡಿಸುತ್ತ ಬಂದು, ಬ್ಯಾಗು ಇಟ್ಟ ಕೈಯಲ್ಲೇ ಕುಕ್ಕರ್ ಎತ್ತುತ್ತಿದ್ದೆ.

ಒಂದು ಸಂಜೆ ಒಲೆಯ ಮುಂದೆ ನಿಂತು, "ದಿನಾ ಇದೇ ಆಯ್ತು, ಸಾಕಾಗೋಯ್ತು ನಂಗೆ" ಅಂದೆ. ಯಾರಿಗೂ ಅಂದದ್ದಲ್ಲ. ಆದರೆ ನನ್ನ ಗಂಡನ ಕಿವಿಗೆ ಅದು ಬಿತ್ತು. ಬೇರೆ ಯಾರಾದರೂ ಆಗಿದ್ದರೆ ಎದ್ದು ಬಂದು ಈರುಳ್ಳಿ ಹೆಚ್ಚುತ್ತಿದ್ದರು. ಇವರು ಲ್ಯಾಪ್‌ಟಾಪ್ ತೆರೆದರು.

"ನೋಡು, ನಿನ್ನ ಪ್ರಾಬ್ಲಮ್ ಅಡುಗೆ ಅಲ್ಲ. ಪ್ಲಾನಿಂಗ್ ಇಲ್ಲ, ಅದೇ ಪ್ರಾಬ್ಲಮ್ಮು" ಅಂದರು.

ಮದುವೆಯಾದಾಗಿನಿಂದ ಆ ಮನುಷ್ಯ ಕಾಫಿಗೆ ಹಾಲು ಕಾಯಿಸಿದ್ದನ್ನು ನಾನು ಕಂಡಿರಲಿಲ್ಲ. ಆದರೂ ನನ್ನ ಪ್ರಾಬ್ಲಮ್ ಏನೆಂದು ಅವರಿಗೆ ಅರ್ಧ ಗಂಟೆಯಲ್ಲಿ ಗೊತ್ತಾಯಿತು. ಶುಕ್ರವಾರ ಇಬ್ಬರಿಗೂ ರಜೆ. ಅವತ್ತೇ ಇಡೀ ವಾರದ ಅಡುಗೆ ಮಾಡಿ ಡಬ್ಬಿಗಳಿಗೆ ತುಂಬಿ ಫ್ರೀಜ್ ಮಾಡಿಬಿಡುವುದು. ಉಳಿದ ದಿನ ಬಿಸಿ ಮಾಡಿಕೊಂಡು ಉಣ್ಣುವುದು. ಪರದೆಯ ಮೇಲೆ ಹುಳಿಗೆ ಹಳದಿ ಪಟ್ಟೆ, ಪಲ್ಯಕ್ಕೆ ಹಸಿರು ಪಟ್ಟೆ ಆಗಲೇ ಎಳೆದಾಗಿತ್ತು.

ಮುಂದಿನ ಶುಕ್ರವಾರವೇ ಫ್ರೈಡೇ ಮಾರ್ಕೆಟ್ಟಿಗೆ ಹೋದೆವು. ಕುವೈತ್ ಬಿಟ್ಟು ಹೋಗುವವರ ಸೋಫಾ, ಮಂಚ, ತೊಟ್ಟಿಲು ಎಲ್ಲ ಅಲ್ಲಿ ಬಿಸಿಲಿಗೆ ಬಿದ್ದಿರುತ್ತವೆ. ಅವುಗಳ ನಡುವೆ ನನ್ನ ಗಂಡ ಒಂದು ಪೆಟ್ಟಿಗೆಯಂಥ ಡೀಪ್ ಫ್ರೀಜರ್ ಹುಡುಕಿದರು. ಯಾವುದೋ ಐಸ್‌ಕ್ರೀಮ್ ಅಂಗಡಿಯದಂತೆ. ಮುಚ್ಚಳ ಎತ್ತಿದರೆ ಸ್ಟ್ರಾಬೆರಿ ವಾಸನೆ. "ತೊಳೆದರೆ ಹೋಗುತ್ತೆ" ಅಂದರು. ತೊಳೆದವಳು ನಾನು. ಸೋಡಾಪುಡಿ, ವಿನೆಗರ್, ನಿಂಬೆಹಣ್ಣು ಎಲ್ಲ ಹಾಕಿ ಉಜ್ಜಿದರೂ ಅದು ಹೋಗಲಿಲ್ಲ. ಮುಂದೆ ನಮ್ಮ ಮನೆಯ ತೊಗರಿಬೇಳೆ ಸಾರಿಗೂ ಅದೇ ಪರಿಮಳ ಬಂತು.

ಶುಕ್ರವಾರದ ಅಡುಗೆ ಅಂದರೆ ಏನೆಂದು ಹೇಳುತ್ತೇನೆ. ಜನ ಅದನ್ನು ಬರೀ ಅಡುಗೆ ಅಂದುಕೊಂಡಿದ್ದಾರೆ. ಬೆಳಿಗ್ಗೆ ಎದ್ದು ನಾಲ್ಕು ಬಗೆಯ ಬೇಳೆಕಾಳು ಬೇಯಲು ಇಟ್ಟರೆ ಒಂದು ಒಲೆಯೂ ಖಾಲಿ ಇಲ್ಲ. ಕಾಯಿ ತುರಿದು ಮಿಕ್ಸಿಗೆ ಹಾಕಿ, ಮಿಕ್ಸಿ ಬಿಸಿಯಾಗಿ ನಿಂತು, ಅದು ಆರುವವರೆಗೆ ಹುರುಳಿಕಾಯಿ ಹೆಚ್ಚಿ, ಅಷ್ಟರಲ್ಲಿ ಒಗ್ಗರಣೆ ಸೀದು ಹೋಗುತ್ತಿತ್ತು. ಮಸೀದಿಯಲ್ಲಿ ಜುಮ್ಮಾ ನಮಾಜು ಮುಗಿದು ಬೀದಿಯಲ್ಲಿ ಜನ ಮನೆಗೆ ಹೋಗುವ ಹೊತ್ತಿಗೆ ನನ್ನದು ಅರ್ಧವೂ ಆಗಿರುತ್ತಿರಲಿಲ್ಲ. ಆಮೇಲೆ ಎಲ್ಲ ಆರಬೇಕು, ಡಬ್ಬಿಗೆ ತುಂಬಬೇಕು, ಪಾತ್ರೆಗಳ ಗುಡ್ಡ ತೊಳೆಯಬೇಕು. ವಾರದಲ್ಲಿ ನನಗಿದ್ದದ್ದು ಒಂದೇ ರಜೆ. ಅದನ್ನು ಹುಳಿಗೆ ಹಾಕಿ ಕುದಿಸಿದೆ.

ನನ್ನ ಗಂಡನೂ ಸುಮ್ಮನಿರಲಿಲ್ಲ ಎಂಬುದನ್ನು ಹೇಳಬೇಕು. ಅವರು ಲೇಬಲ್ ಅಂಟಿಸುತ್ತಿದ್ದರು. ಆಫೀಸಿನ ಪ್ರಿಂಟರಿನಲ್ಲಿ ಮಾಡಿಸಿ ತಂದ ಲೇಬಲ್ಲು. ಅದರ ಮೇಲೆ 'ಹುಳಿ', 'ಸಾರು' ಎಂದು ಬರೆದಿದ್ದರೆ ಓದಬಹುದಿತ್ತು. ಹಾಗೆ ಬರೆದರೆ ಇಂಜಿನಿಯರಿಗೆ ಮರ್ಯಾದೆಯೇ? ಅಕ್ಷರ, ಗೆರೆ, ಅಂಕಿ ಸೇರಿಸಿ ಕೋಡ್ ಮಾಡಿದ್ದರು. ಮಂಜು ಕಟ್ಟಿದ ಮೇಲೆ ಅರ್ಧಕ್ಕರ್ಧ ಲೇಬಲ್ಲುಗಳು ಉದುರಿ ತಳ ಸೇರಿದವು. ಹೆಪ್ಪುಗಟ್ಟಿದ ಮೇಲೆ ಬಸ್ಸಾರಿಗೂ ಗೊಜ್ಜಿಗೂ ಏನೂ ವ್ಯತ್ಯಾಸವಿಲ್ಲ. ಎರಡೂ ಕಂದು ಇಟ್ಟಿಗೆ. ಒಮ್ಮೆ ಮಗಳಿಗೆ ಸಾರು ಎಂದು ಬಿಸಿ ಮಾಡಿ ಅನ್ನಕ್ಕೆ ಹಾಕಿದ್ದು ಕಡಲೆಬೇಳೆ ಪಾಯಸವಾಗಿತ್ತು. ಅವಳು ತಿಂದು, "ಅಮ್ಮ, ದಿಸ್ ಒನ್ ಈಸ್ ನೈಸ್" ಅಂದಳು. ಆ ತಿಂಗಳಲ್ಲಿ ಅವಳು ಮೆಚ್ಚಿ ತಿಂದದ್ದು ಅದೊಂದೇ.

ಉಳಿದದ್ದನ್ನು ಮೆಚ್ಚುವುದಾದರೂ ಹೇಗೆ? ಆಲೂಗಡ್ಡೆ ಸ್ಪಂಜಾಗುತ್ತಿತ್ತು. ರುಬ್ಬಿ ಹಾಕಿದ ಕಾಯಿ ನೀರು ಬಿಟ್ಟುಕೊಂಡು ಮೊಸರು ಒಡೆದಂತೆ ಕಾಣುತ್ತಿತ್ತು. ಹುರುಳಿಕಾಯಿ ಬಾಯಲ್ಲಿ ಹಳೆ ದಾರದಂತೆ. ಎಲ್ಲರೂ ತಲೆ ತಗ್ಗಿಸಿ ಉಣ್ಣುತ್ತಿದ್ದೆವು. ನನ್ನ ಗಂಡ ಮಾತ್ರ ಕೈ ತೊಳೆದು ಬಂದು, "ನೋಡ್ದಾ, ಹತ್ತು ನಿಮಿಷದಲ್ಲಿ ಊಟ ರೆಡಿ" ಅನ್ನುತ್ತಿದ್ದರು.

ಪಕ್ಕದ ಮನೆಯಲ್ಲಿ ಮಂಗಳೂರು ಕಡೆಯ ಬ್ಯಾರಿ ಕುಟುಂಬ ಇತ್ತು. ಆಕೆ ಇಂಡಿಯನ್ ಸ್ಕೂಲಿನಲ್ಲಿ ಟೀಚರು, ಸಲಿಗೆಯ ಬಾಯಿ. ಒಂದು ಶುಕ್ರವಾರ ಬಾಗಿಲು ತಟ್ಟಿ ಇಣುಕಿದರು.

"ಎಂತ ಅಕ್ಕ, ಪ್ರತಿ ಶುಕ್ರವಾರ ಮದುವೆಮನೆಯ ಹಾಗೆ ವಾಸನೆ ಬರ್ತದೆ. ಯಾರಿಗೆಲ್ಲ ಊಟ?"

"ನಮಗೇ. ಕೆಲಸ ಕಡಿಮೆಯಾಗಲಿ ಅಂತ" ಅಂದೆ.

ಆಕೆ ಸಿಂಕನ್ನು ನೋಡಿದರು, ನನ್ನ ಮುಖ ನೋಡಿದರು. "ಕಡಿಮೆ ಆಗಿದೆಯಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದರು.

ಈ ಸುದ್ದಿ ಶುವೈಖಿನ ಆಫೀಸಿನಲ್ಲಿ ಹೊಗಳಿಸಿಕೊಂಡು, ಅಲ್ಲಿಂದ ನಮ್ಮ ಕನ್ನಡದವರ ಕೂಟಕ್ಕೂ ಮುಟ್ಟಿತು. ಮುಟ್ಟಿಸಿದವರು ಯಾರೆಂದು ಬೇರೆ ಹೇಳಬೇಕಾಗಿಲ್ಲ. ಕುಟುಂಬ ಮಿಲನದ ದಿನ ಇವರಿಗೆ ಭಾಷಣಕ್ಕೆ ಕರೆ ಬಂತು. ಅದೂ ಶುಕ್ರವಾರ ಸಂಜೆಯೇ. ನಾನು ಕೊನೆಯ ಡಬ್ಬಿ ಮುಚ್ಚಿ, ತಲೆಗೆ ನೀರು ಹಾಕಿಕೊಂಡು, ಟ್ಯಾಕ್ಸಿ ಹಿಡಿದು ಸಭಾಂಗಣಕ್ಕೆ ಹೋಗುವಷ್ಟರಲ್ಲಿ ಭಾಷಣ ಮುಗಿಯುತ್ತ ಬಂದಿತ್ತು. ಗೋಡೆಯ ಮೇಲೆ ನಮ್ಮ ಫ್ರೀಜರಿನ ಫೋಟೋ. ಅದರ ಪಕ್ಕದಲ್ಲಿ ಕಡ್ಡಿ ಹಿಡಿದು ನನ್ನ ಗಂಡ. ನಾನು ಹಿಂದಿನ ಸಾಲಿನಲ್ಲಿ ಒದ್ದೆ ಕೂದಲು ಬಿಟ್ಟುಕೊಂಡು ಕೂತೆ. ಬೆರಳಿಗೆಲ್ಲ ಇಂಗಿನ ವಾಸನೆ.

"ಒಂದು ದಿನ ಅಡುಗೆ, ಆರು ದಿನ ಆರಾಮ" ಅಂದರು ಅವರು. "ನಮ್ಮ ಮನೆಯವಳು ಈಗ ಫುಲ್ ಫ್ರೀ."

ಗಂಡಸರು ಚಪ್ಪಾಳೆ ತಟ್ಟಿದರು. ಎಂಥ ಚಪ್ಪಾಳೆ ಅದು! ಮನೆಯಲ್ಲಿ ಒಂದು ಲೋಟ ಕೂಡ ತೊಳೆಯದ ಕೈಗಳಿಗೆ ಅಷ್ಟೊಂದು ಬಲ ಇರುತ್ತದೆ ಎಂದು ನನಗೆ ಅವತ್ತೇ ಗೊತ್ತಾದದ್ದು. ಮುಂದಿನ ಸಾಲಿನಲ್ಲಿದ್ದ ವಯಸ್ಸಾದ ಡಾಕ್ಟರಮ್ಮ ಒಬ್ಬರು ಎದ್ದು ನಿಂತರು.

"ಆ ಒಂದು ದಿನ ಅಡುಗೆ ಮಾಡೋರು ಯಾರಪ್ಪ?"

"ಅದು ಟೀಮ್ ವರ್ಕ್ ಮೇಡಂ" ಅಂದರು ನನ್ನ ಗಂಡ.

ಡಾಕ್ಟರಮ್ಮ ಹಿಂದೆ ತಿರುಗಿ ಸಭೆಯನ್ನು ನೋಡಿ ಕೂತುಬಿಟ್ಟರು. ಮನೆಗೆ ಹೋಗುವಾಗ ಕಾರಿನಲ್ಲಿ, "ಹೇಗಿತ್ತು?" ಎಂದು ಕೇಳಿದರು. "ಫೋಟೋ ಚೆನ್ನಾಗಿತ್ತು" ಅಂದೆ. ಅವರಿಗೆ ಖುಷಿಯಾಯಿತು.

ಮಂಡ್ಯದಲ್ಲಿ ಅಣ್ಣನ ಮಗಳ ಮದುವೆ ಬಂತು. ಮಕ್ಕಳಿಗೆ ಪರೀಕ್ಷೆ, ಇವರಿಗೆ ರಜೆ ಇಲ್ಲ, ನಾನೊಬ್ಬಳೇ ಹೊರಟೆ. ಹೊರಡುವ ಮೊದಲಿನ ಎರಡು ಶುಕ್ರವಾರ ನಾನು ಒಲೆ ಬಿಟ್ಟು ಕದಲಲಿಲ್ಲ. ಫ್ರೀಜರ್ ಬಾಯಿತನಕ ತುಂಬಿತು. ಮುಚ್ಚಳದ ಮೇಲೆ ಕೂತು ಒತ್ತಿ ಮುಚ್ಚಿದೆ. ಅನ್ನ ಒಂದು ಇಟ್ಟುಕೊಂಡರೆ ಸಾಕು ಎಂದು ಗಂಡನಿಗೂ ಮಗನಿಗೂ ಮಗಳಿಗೂ ಕುಕ್ಕರಿನ ನೀರಿನ ಅಳತೆ ತೋರಿಸಿಕೊಟ್ಟೆ.

ಊರಿನಿಂದ ಫೋನು ಮಾಡಿದಾಗಲೆಲ್ಲ, "ಊಟ ಆಯ್ತೇನ್ರೀ?" ಎನ್ನುತ್ತಿದ್ದೆ.

"ಆಯ್ತು."

"ಏನು ಊಟ?"

"ಅದೇ, ನೀನು ಮಾಡಿಟ್ಟಿದ್ದು. ಚೆನ್ನಾಗಿತ್ತು."

ಮದುವೆಮನೆಯಲ್ಲಿ ಎಲೆ ಮುಂದೆ ಕೂತು ಬಿಸಿ ಕೂಟು ಉಣ್ಣುವಾಗ ಅವರ ನೆನಪಾಗಿ ನನಗೆ ತುತ್ತು ಇಳಿಯುತ್ತಿರಲಿಲ್ಲ. ಪಾಪ, ಅಲ್ಲಿ ಆ ಸ್ಪಂಜು ತಿನ್ನುತ್ತಿದ್ದಾರಲ್ಲ ಎಂದು.

ವಾಪಸ್ ಬಂದ ದಿನ ಮೆಟ್ಟಿಲಲ್ಲೇ ಪಕ್ಕದ ಮನೆಯ ಟೀಚರು ಸಿಕ್ಕಿದರು. "ಬಂದ್ರಾ ಅಕ್ಕ? ಒಳ್ಳೆಯದಾಯ್ತು. ನಿಮ್ಮವರು ದಿನಾ ಸಂಜೆ ಹೋಟೆಲಿನ ಪೊಟ್ಟಣ ಹಿಡ್ಕೊಂಡು ಬರ್ತಿದ್ರು. ಮಕ್ಕಳು ಶವರ್ಮಾ ತಿಂದು ತಿಂದು ದಪ್ಪ ಆಗಿದ್ದಾರೆ, ನೋಡಿ."

ಸೂಟ್‌ಕೇಸನ್ನು ಬಾಗಿಲಲ್ಲೇ ಬಿಟ್ಟು ಫ್ರೀಜರಿನ ಮುಚ್ಚಳ ಎತ್ತಿದೆ. ನಾನು ಜೋಡಿಸಿದ್ದು ಜೋಡಿಸಿದ ಹಾಗೇ ಇತ್ತು. ಮೇಲೆ ಬಿಳಿ ಮಂಜು ಕೂತಿತ್ತು. ಕೈ ಹೊಕ್ಕ ಗುರುತೂ ಇಲ್ಲ.

ಮೂವರೂ ಸೋಫಾದಲ್ಲಿ ಸಾಲಾಗಿ ಕೂತಿದ್ದರು. ನಾನು ಗಂಡನನ್ನು ಕೇಳಿದೆ. "ಯಾಕ್ರೀ ತೆಗೀಲಿಲ್ಲ?"

"ಬೆಳಿಗ್ಗೆನೇ ತೆಗೆದು ಇಡ್ಬೇಕಲ್ಲ. ಮರ್ತೋಗ್ತಿತ್ತು."

"ದಿನಾನೂನಾ?"

ಮಗ ನೆಲ ನೋಡುತ್ತ, "ಅಪ್ಪ ಸೆಡ್ ಹಿ ಡಸಂಟ್ ಲೈಕ್ ಇಟ್ ಈದರ್" ಅಂದ.

ನನ್ನ ಗಂಡ ಕೆಮ್ಮಿದರು. "ಹಂಗಲ್ಲ ಕಣೇ. ನೀನು ಅಷ್ಟು ಕಷ್ಟಪಟ್ಟು ಮಾಡ್ತಿದ್ದೆ. ಚೆನ್ನಾಗಿಲ್ಲ ಅಂತ ಹೇಗೆ ಹೇಳೋದು? ಅದು ಬಾಯಿಗೆ ಇಡೋಕಾಗಲ್ಲ."

ನನಗೆ ಮೊದಲು ಸಿಟ್ಟು ಬರಲಿಲ್ಲ, ಆಶ್ಚರ್ಯವಾಯಿತು. ಆ ಯೋಜನೆ ಹಾಕಿದವರಿಗೆ ಅದು ಬೇಡವಾಗಿತ್ತು. ತಿನ್ನುವ ಮಕ್ಕಳಿಗೆ ಬೇಡವಾಗಿತ್ತು. ಮಾಡುವ ನನಗೂ ಬೇಡವಾಗಿತ್ತು. ಆದರೂ ಅಷ್ಟೊಂದು ಶುಕ್ರವಾರಗಳನ್ನು ನಾನು ಸುಟ್ಟುಕೊಂಡದ್ದು, ಸಭೆಯ ಗೋಡೆಯ ಮೇಲೆ ತೋರಿಸಲು ಇವರಿಗೆ ಒಂದು ಫೋಟೋ ಬೇಕಿತ್ತು ಎಂದು. ಸಿಟ್ಟು ಆಮೇಲೆ ಬಂತು. ಬಂದದ್ದು ಹೋಗಲಿಲ್ಲ.

"ಸರಿ" ಅಂದೆ. "ಪ್ಲಾನ್ ನಿಮ್ಮದು. ನೀವೇ ಮುಗಿಸಿ."

ಅವರಿಗೆ ಅರ್ಥವಾಗಲಿಲ್ಲ. ಮರುದಿನ ಬೆಳಿಗ್ಗೆ ಅರ್ಥವಾಯಿತು. ದಿನದ ಊಟದ ಡಬ್ಬಿಯ ಜಾಗದಲ್ಲಿ ಫ್ರೀಜರಿನ ಡಬ್ಬಿಯೊಂದನ್ನು, ಒಳಗಿನ ಕಂದು ಇಟ್ಟಿಗೆಯ ಸಮೇತ, ಕವರಿನಲ್ಲಿ ಸುತ್ತಿ ಕೈಗೆ ಕೊಟ್ಟೆ. "ಮಧ್ಯಾಹ್ನದ ಹೊತ್ತಿಗೆ ಕರಗಿರುತ್ತೆ. ಆಫೀಸಲ್ಲಿ ಮೈಕ್ರೋವೇವ್ ಇದೆಯಲ್ಲ."

"ಇದು ಏನು?"

"ಲೇಬಲ್ ಓದಿ" ಅಂದೆ.

ಬಿಸಾಡುವುದಕ್ಕೆ ನಾನು ಬಿಡಲಿಲ್ಲ. ಬೇಯಿಸಿದ್ದನ್ನು ಚೆಲ್ಲುವ ಮನೆಯಲ್ಲಿ ನಾನು ಬೆಳೆದವಳಲ್ಲ. ಬೇರೆಯವರಿಗೆ ಕೊಡೋಣ ಎಂದರು. ನಾವು ತಿನ್ನಲಾಗದ್ದನ್ನು ಕೊಟ್ಟು ಪುಣ್ಯ ಕಟ್ಟಿಕೊಳ್ಳುವುದು ಬೇಡ ಎಂದೆ. ಹೀಗೆ ಬೇಸಿಗೆಯ ಬಹುಪಾಲು ಆ ಪ್ಲಾನಿಂಗ್ ಇಂಜಿನಿಯರರು ತಮ್ಮ ಪ್ಲಾನನ್ನು ಮಧ್ಯಾಹ್ನ ಮಧ್ಯಾಹ್ನ ಒಬ್ಬರೇ ಉಂಡರು. ಆಫೀಸಿನಲ್ಲಿ ಮೊದಲು ಹೊಗಳಿದ್ದವರು ಒಂದು ಚಮಚ ರುಚಿ ನೋಡಿ ಜಾಗ ಬದಲಿಸಿ ಕೂತರಂತೆ. ಅದನ್ನು ಅವರೇ ಹೇಳಿದರು, ಆ ಮಟ್ಟಿಗೆ ಪ್ರಾಮಾಣಿಕರು. ಕೊನೆಯ ಡಬ್ಬಿ ತೊಳೆದು ತಂದಿಟ್ಟ ದಿನ, "ಖಲಾಸ್" ಎಂದು ಕುರ್ಚಿಯಲ್ಲಿ ಕುಸಿದರು. ಫ್ರೀಜರನ್ನು ಒಬ್ಬ ಪಿಕಪ್‌ನವನನ್ನು ಕರೆಸಿ ಸಾಗಿಸಿದೆ.

ಅಡುಗೆಯನ್ನು ಕಡಿಮೆ ಮಾಡಿದ್ದು ಆಮೇಲೆ, ನಾನೇ. ಅದಕ್ಕೆ ಪಟ್ಟೆಯೂ ಬೇಕಾಗಲಿಲ್ಲ, ಬಣ್ಣವೂ ಬೇಕಾಗಲಿಲ್ಲ. ಸಂಜೆ ಒಂದೇ ಹುಳಿ, ಒಂದು ಅನ್ನ. ಮಿಕ್ಕಿದ್ದು ಮರುದಿನದ ಡಬ್ಬಿಗೆ. ಚಪಾತಿ ಲಟ್ಟಿಸುವುದನ್ನು ನಿಲ್ಲಿಸಿದೆ. ಬೀದಿ ಕೊನೆಯಲ್ಲಿ ಇರಾನಿಯವನ ತಂದೂರಿನ ಬಿಸಿ ಖುಬ್ಬೂಸ್ ರೊಟ್ಟಿಯನ್ನು ಮಗ ಓಡಿಹೋಗಿ ತರುತ್ತಿದ್ದ.

"ಪಲ್ಯ ಇಲ್ವಾ?" ಎಂದು ಗಂಡ ಕೇಳಿದರು.

"ಇಲ್ಲ."

"ಕೋಸಂಬರಿ?"

"ಸೌತೆಕಾಯಿ ಅಲ್ಲಿದೆ. ಚಾಕು ಅಲ್ಲಿದೆ."

ಅವರು ಸೌತೆಕಾಯಿ ಹೆಚ್ಚಿದರು. ಹೋಳುಗಳು ಒಂದೊಂದು ಒಂದೊಂದು ಗಾತ್ರ. ಮಂಗಳವಾರದ ಅಡುಗೆ ಅವರದು ಎಂದು ನಾನು ಹೇಳಿದಾಗ ವಾದ ಮಾಡಲಿಲ್ಲ. ಮಗ ಮಗಳಿಬ್ಬರೂ ಅವರ ಮುಖವನ್ನೇ ನೋಡುತ್ತಿದ್ದರು. ಮೊದಲ ಮಂಗಳವಾರದ ಉಪ್ಪಿಟ್ಟನ್ನು ಸೌಟಿನಿಂದ ಬಿಡಿಸಲಾಗದೆ ಪಾತ್ರೆಯ ಸಮೇತ ಮೇಜಿಗೆ ತಂದರು. ತಿಂದೆವು. ಬಿಸಿಯಾಗಿತ್ತು ಎಂಬುದೊಂದು ದೊಡ್ಡ ಮಾತು. ಕಾಲ ಹೋದಂತೆ ಚಿತ್ರಾನ್ನ ಕಲಿತರು, ಅದರಲ್ಲೇ ನಿಂತರು. ಮಂಗಳವಾರ ಅಂದರೆ ಚಿತ್ರಾನ್ನ.

ಒಂದು ಮಂಗಳವಾರ ಕನ್ನಡದವರ ಕೂಟದ ಹೆಂಗಸರಿಬ್ಬರು ಮನೆಗೆ ಬಂದಿದ್ದರು. ನನ್ನ ಗಂಡ ಟವೆಲನ್ನು ಹೆಗಲಿಗೆ ಹಾಕಿಕೊಂಡು ನಿಂಬೆಹಣ್ಣು ಹಿಂಡುತ್ತಿದ್ದರು. ಅದನ್ನು ನೋಡಿ ಒಬ್ಬಾಕೆಯ ಕಣ್ಣು ಅರಳಿತು.

"ಅಯ್ಯೋ, ಯಜಮಾನ್ರೇ ಅಡುಗೆ ಮಾಡ್ತಾರಾ? ಏನ್ ಪುಣ್ಯ ಮಾಡಿದ್ರಿ ನೀವು" ಎಂದು ನನಗೆ ಹೇಳಿದರು.

ಇನ್ನೊಬ್ಬಾಕೆ ತಮ್ಮ ಗಂಡನಿಗೆ ಇದನ್ನು ಹೇಳಲೇಬೇಕು ಅಂದರು. ಒಳಗಿನಿಂದ ನನ್ನ ಗಂಡ, "ಏನಿಲ್ಲ ಬಿಡಿ, ವೆರಿ ಸಿಂಪಲ್" ಎನ್ನುವುದು ಕೇಳಿಸಿತು. ಬಾಣಲೆಯ ಸದ್ದು ಸ್ವಲ್ಪ ಜೋರಾಯಿತು. ಆ ಹೆಂಗಸರು ನನ್ನ ಕೈಯ ಊಟವನ್ನು ಎಷ್ಟು ಸಲ ಉಂಡಿದ್ದರೋ; ನನ್ನ ಗಂಡ ಪುಣ್ಯ ಮಾಡಿದ್ದರು ಎಂಬ ಮಾತು ಅವರ ಬಾಯಲ್ಲಿ ಒಮ್ಮೆಯೂ ಬಂದಿರಲಿಲ್ಲ. ನಾನು ತಟ್ಟೆ ತಂದಿಟ್ಟು, "ಕಡಲೆಕಾಯಿ ಬೀಜ ಸ್ವಲ್ಪ ಸೀದಿರುತ್ತೆ, ನೋಡಿಕೊಂಡು ತಿನ್ನಿ" ಅಂದೆ.